ಕಾವೇರಿ 2.0: ತುಮಕೂರಿನಲ್ಲಿ ಬಾಡಿಗೆ ಮನೆ ಕೊಳ್ಳುವವರು ಇದನ್ನು ಎಷ್ಟು ನಂಬಬಹುದು?

ಎಸ್‌ಐಟಿ (ಸಿದ್ಧಗಂಗಾ ತಾಂತ್ರಿಕ ಕಾಲೇಜು) ಸುತ್ತಲಿನ ಬೀದಿಗಳಲ್ಲಿ, ಮರಳೂರಿನ ಎಸ್‌ಎಸ್‌ಐಟಿ (ಸಿದ್ಧಾರ್ಥ ತಾಂತ್ರಿಕ ಕಾಲೇಜು) ಆಸುಪಾಸಿನಲ್ಲಿ, ಕ್ಯಾತ್ಸಂದ್ರದ ಕಡೆ ಮಾರಾಟಕ್ಕೆ ಬರುವ ಬಾಡಿಗೆ ಮನೆಗಳದ್ದು ಹೆಚ್ಚುಕಡಿಮೆ ಒಂದೇ ಅಚ್ಚು. 30×40 ಸೈಟು, ನೆಲಮಹಡಿಯ ಮೇಲೆ ಎರಡು ಮಹಡಿ, ನಾಲ್ಕೈದು ಪೋರ್ಷನ್ನು, ತಾರಸಿ ಮೇಲೊಂದು ಶೀಟಿನ ರೂಮು. ಬ್ರೋಕರ್ ಮೊದಲು ಕೈಗಿಡುವ ಕಾಗದ ಇ.ಸಿ., ಅಂದರೆ ಋಣಭಾರ ಪತ್ರ. ‘ಎಲ್ಲಾ ಕ್ಲಿಯರ್ ಇದೆ ಸಾರ್’ ಅನ್ನುವ ಮಾತು ಅದರ ಜೊತೆಗೇ ಬರುತ್ತದೆ. ಆ ಕಾಗದ ಹುಟ್ಟುವ ಜಾಗ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0. ಹಳೆಯ ಕಾವೇರಿಯ ಬದಲಿಗೆ 2023ರಲ್ಲಿ ಬಂದ ಜಾಲತಾಣ ಇದು. ನೋಂದಣಿಯಾದ ಪತ್ರಗಳ ಮಟ್ಟಿಗೆ ಇದು ಒಳ್ಳೆಯ ಸೇವೆ. ಆದರೆ ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟ ಮನೆಯಲ್ಲಿ ನಿಜವಾದ ಸಾಲ ಇರುವುದು ನೋಂದಣಿಯಾಗದ ಪತ್ರಗಳಲ್ಲಿ, ಅಲ್ಲಿಗೆ ಕಾವೇರಿಯ ಕಣ್ಣು ಹೋಗುವುದಿಲ್ಲ.

ಮೊದಲು ಚೆನ್ನಾಗಿರುವುದನ್ನು ನೋಡೋಣ. ಮೊಬೈಲ್ ನಂಬರ್, ಇ-ಮೇಲ್ ಕೊಟ್ಟು ಲಾಗಿನ್ ಮಾಡಿಕೊಂಡರೆ ಮನೆಯಲ್ಲೇ ಕೂತು ಇ.ಸಿ. ಹುಡುಕಬಹುದು. ಜಿಲ್ಲೆ, ಸಬ್ ರಿಜಿಸ್ಟ್ರಾರ್ ಕಚೇರಿ, ಗ್ರಾಮ ಅಥವಾ ಬಡಾವಣೆ, ಸ್ವತ್ತಿನ ಸಂಖ್ಯೆ, ಯಾವ ದಿನದಿಂದ ಯಾವ ದಿನದವರೆಗೆ ಎಂಬುದನ್ನು ತುಂಬಿದರೆ ವ್ಯವಹಾರಗಳ ಪಟ್ಟಿ ಬರುತ್ತದೆ. ಶುಲ್ಕ ಕಟ್ಟಿದರೆ ಡಿಜಿಟಲ್ ಸಹಿ ಇರುವ ಪ್ರತಿ ಸಿಗುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಗಣಕೀಕೃತ ದಾಖಲೆ ಇರುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೇ ಅರ್ಜಿ ಹಾಕಿ ಕೈಬರಹದ ಸೂಚಿ ಪುಸ್ತಕಗಳಲ್ಲಿ ತೆಗೆಸಬೇಕು. ಬ್ಯಾಂಕಿನವರೂ ವಕೀಲರೂ ಸಾಮಾನ್ಯವಾಗಿ 30 ವರ್ಷದ್ದು ಕೇಳುವುದರಿಂದ, ಆನ್‌ಲೈನ್ ಇ.ಸಿ. ಒಂದನ್ನೇ ಹಿಡಿದುಕೊಂಡವರ ಕೈಯಲ್ಲಿ ಇರುವುದು ಸುಮಾರು ಮುಕ್ಕಾಲು ಕಥೆ ಮಾತ್ರ.

ಎಡವುವುದು ಹುಡುಕುವ ವಿಧಾನದಲ್ಲಿ. ತುಮಕೂರು ಬೆಳೆದಿರುವುದೇ ಸುತ್ತಲಿನ ಹಳ್ಳಿಗಳ ಹೊಲ ನುಂಗಿಕೊಂಡು. ಹಾಗಾಗಿ ಒಂದೇ ಮನೆಗೆ ಮೂರು ನಾಲ್ಕು ಗುರುತುಗಳಿರುತ್ತವೆ: ಹಳೆಯ ಸರ್ವೆ ನಂಬರು, ಬಡಾವಣೆಯ ಸೈಟ್ ನಂಬರು, ಪಂಚಾಯಿತಿಯ ಅಥವಾ ಪಾಲಿಕೆಯ ಹಳೆ ಖಾತಾ ನಂಬರು, ಈಗಿನ ಇ-ಖಾತಾ ಸಂಖ್ಯೆ. 2006ರ ಕ್ರಯಪತ್ರ ಸರ್ವೆ ನಂಬರಿನಡಿ ಕೂತಿರುತ್ತದೆ, 2019ರ ಅಡಮಾನ ಖಾತಾ ನಂಬರಿನಡಿ. ನೀವು ಸೈಟ್ ನಂಬರ್ ಮಾತ್ರ ಹಾಕಿದರೆ ನಮೂನೆ 16 ಬರುತ್ತದೆ, ನೋಡಿದವರು ‘ಯಾವ ಋಣವೂ ಇಲ್ಲ’ ಎಂದು ಹಿಗ್ಗುತ್ತಾರೆ. ಅದರ ಅರ್ಥ ಇಷ್ಟೇ: ನೀವು ಕೊಟ್ಟ ವಿವರಕ್ಕೆ ಹೊಂದುವ ದಾಖಲೆ ಸಿಕ್ಕಿಲ್ಲ. ಪ್ರತಿ ಗುರುತಿಗೂ ಬೇರೆ ಬೇರೆ ಹುಡುಕಿ, ಮಾರುವವರ ಹೆಸರಿನಲ್ಲೂ ಅವರಿಗೆ ಮಾರಿದವರ ಹೆಸರಿನಲ್ಲೂ ಹುಡುಕಿ. ಇಂಗ್ಲಿಷಿನಲ್ಲಿ ಊರ ಹೆಸರಿನ ಕಾಗುಣಿತ ಒಬ್ಬೊಬ್ಬ ಡೇಟಾ ಎಂಟ್ರಿಯವರ ಕೈಯಲ್ಲಿ ಒಂದೊಂದು ಥರ. ಹುಡುಕಿದ ಅವಧಿಯೊಳಗೆ ಮಾರುವವರು ಕೊಂಡ ಕ್ರಯಪತ್ರವೇ ಪಟ್ಟಿಯಲ್ಲಿ ಕಾಣದಿದ್ದರೆ ಆ ಇ.ಸಿ. ತಪ್ಪು ವಿವರದ್ದು ಅಂತಲೇ ತಿಳಿಯಿರಿ.

ಇ.ಸಿ.ಯಲ್ಲಿ ಕಂಡ ಒಂದೊಂದು ಪತ್ರಕ್ಕೂ ದೃಢೀಕೃತ ನಕಲು ಇಲ್ಲೇ ತರಿಸಬಹುದು. ಈ ಸೇವೆಯನ್ನು ಜನ ಯಾಕೋ ಬಳಸುವುದೇ ಕಡಿಮೆ. ಮಾರುವವರು ಕೊಡುವ ಜೆರಾಕ್ಸ್‌ಗಿಂತ ಇದೇ ವಾಸಿ. ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಓದಿ, ಟೇಪ್ ಹಿಡಿದು ಹೋಗಿ ಅಳೆಯಿರಿ. ಪತ್ರದಲ್ಲಿ 1200 ಚದರಡಿ ಇದ್ದು ನೆಲದ ಮೇಲೆ ರಸ್ತೆಗೆ ಎರಡಡಿ ಹೋಗಿದ್ದರೆ ಅದು ಗೊತ್ತಾಗುವುದು ಟೇಪಿನಿಂದ, ಜಾಲತಾಣದಿಂದಲ್ಲ.

ಎರಡನೇ ಒಳ್ಳೆಯ ಅಂಶ ಜಾಲತಾಣದಲ್ಲಿರುವ ವೆಚ್ಚದ ಕ್ಯಾಲ್ಕುಲೇಟರ್. ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರ, ಒಪ್ಪಿದ ಬೆಲೆ ಎರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ನಗರದೊಳಗಿನ 80 ಲಕ್ಷದ ಮನೆಗೆ ಮುದ್ರಾಂಕ ಶೇ 5ರಂತೆ 4,00,000, ಆ ಮುದ್ರಾಂಕದ ಮೇಲೆ ಶೇ 10 ಸೆಸ್ 40,000, ಶೇ 2 ಸರ್ಚಾರ್ಜ್ 8,000, ನೋಂದಣಿ 1,60,000. ಒಟ್ಟು 6,08,000, ಅಂದರೆ ಶೇ 7.6. ಪಂಚಾಯಿತಿ ವ್ಯಾಪ್ತಿಯಾದರೆ ಸರ್ಚಾರ್ಜ್ ಶೇ 3. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿ.ಡಿ.ಎಸ್. (ಮಾರುವವರ ಲೆಕ್ಕದ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದು. ಅದು ಹೆಚ್ಚುವರಿ ಖರ್ಚಲ್ಲ, ಮರೆತರೆ ಮಾತ್ರ ಬಡ್ಡಿ ನಿಮ್ಮದು.

ಇದನ್ನು ಬಾಡಿಗೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಉದಾಹರಣೆಗೆ ಆ ಮನೆಯಿಂದ ತಿಂಗಳಿಗೆ 28,000 ಬರುತ್ತದೆ ಅಂದುಕೊಳ್ಳಿ. ನೋಂದಣಿಗೆ ಹೋದ ದುಡ್ಡೇ ಸುಮಾರು 22 ತಿಂಗಳ ಬಾಡಿಗೆ. ಒಟ್ಟು ಹೂಡಿಕೆ 86,08,000 ಹಿಡಿದರೆ ವರ್ಷದ ಹುಟ್ಟುವಳಿ ಶೇ 3.9. ಕೊನೆಯ ವರ್ಷದ ಹುಡುಗರು ಪರೀಕ್ಷೆ ಮುಗಿಸಿ ಗಂಟುಮೂಟೆ ಕಟ್ಟಿದ ಮೇಲೆ ಹೊಸ ದಾಖಲಾತಿ ಆಗುವ ತನಕ ರೂಮು ಖಾಲಿ. ಆ ಎರಡು ತಿಂಗಳು ಕಳೆದರೆ ಶೇ 3.25ಕ್ಕೆ ಇಳಿಯುತ್ತದೆ. ಸುಣ್ಣಬಣ್ಣ, ಮೋಟಾರ್ ರಿಪೇರಿ, ಕಂದಾಯ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬಾಡಿಗೆಗಾಗಿ ಮಾತ್ರ ಕೊಳ್ಳುವವರು ಈ ಕ್ಯಾಲ್ಕುಲೇಟರನ್ನು ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಒತ್ತಿ ನೋಡುವುದು ಲೇಸು.

ಇ-ಖಾತೆಯ ಜೋಡಣೆ ಬಗ್ಗೆ ಮಿಶ್ರ ಅಭಿಪ್ರಾಯ. ನಗರದ ಸ್ವತ್ತಿಗೆ ಇ-ಆಸ್ತಿ, ಹಳ್ಳಿಯದ್ದಕ್ಕೆ ಇ-ಸ್ವತ್ತು, ಜಮೀನಿಗೆ ‘ಭೂಮಿ’ ತಂತ್ರಾಂಶದ ಪಹಣಿ, ಇವೆಲ್ಲದರಿಂದ ವಿವರ ನೇರವಾಗಿ ಕಾವೇರಿಗೆ ಬರುತ್ತದೆ. ಒಬ್ಬರದ್ದನ್ನು ಇನ್ನೊಬ್ಬರು ಮಾರುವ ಆಟ ಇದರಿಂದ ಕಡಿಮೆಯಾಗಿದೆ, ನಿಜ. ಆದರೆ ಇ-ಖಾತೆಯಲ್ಲಿ ನೆಲಮಹಡಿ ಮತ್ತು ಒಂದು ಮಹಡಿ ಇದ್ದು, ಕಣ್ಣೆದುರು ಮೂರು ಅಂತಸ್ತು ನಿಂತಿರುತ್ತದೆ. ಪತ್ರ ನೋಂದಣಿಯಾಗಬಹುದು, ಬ್ಯಾಂಕಿನ ಇಂಜಿನಿಯರ್ ಮಾತ್ರ ಮೇಲಿನ ಮಹಡಿಗೆ ಸೊನ್ನೆ ಬೆಲೆ ಕಟ್ಟಿ ಹೋಗುತ್ತಾರೆ. ಖಾತೆ ಸಕ್ರಮ ಸ್ವತ್ತಿನ ‘ಎ’ಯೋ, ಮಂಜೂರಾತಿಯಿಲ್ಲದ ಸ್ವತ್ತಿನ ‘ಬಿ’ಯೋ ಅನ್ನುವುದನ್ನು ಮೊದಲು ನೋಡಿ. ಪಂಚಾಯಿತಿಯದ್ದಾದರೆ ಅದೇ ರೀತಿ ನಮೂನೆ 9 ಮತ್ತು 11ಎಯೋ, ಬರೀ 11ಬಿಯೋ ಕೇಳಿ. ಅಲಿನೇಷನ್ (ಕೃಷಿ ಜಮೀನಿನ ಪರಿವರ್ತನೆ) ಆಗದ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರಾತಿ ಇಲ್ಲದ ರೆವಿನ್ಯೂ ಸೈಟಿಗೆ ‘ಬಿ’ ಖಾತೆ ಸಿಕ್ಕ ಮಾತ್ರಕ್ಕೆ ಬಡಾವಣೆ ಸಕ್ರಮ ಆಗುವುದಿಲ್ಲ. ಸಾಲ ಸಿಗುವುದೂ ಕಷ್ಟ, ಮುಂದೆ ಮಾರುವಾಗ ಗಿರಾಕಿಯೂ ಕಡಿಮೆ.

ಈಗ ಕಾವೇರಿ ಕಾಣದ ಕಡೆಗೆ ಬರೋಣ. ಮೊದಲನೆಯದು ಭೋಗ್ಯ. ನಾಲ್ಕು ಪೋರ್ಷನ್ನಿನಲ್ಲಿ ಎರಡರಲ್ಲಿ ಹುಡುಗರು ತಿಂಗಳ ಬಾಡಿಗೆಗೆ, ಇನ್ನೆರಡರಲ್ಲಿ ಸಂಸಾರಸ್ಥರು ತಲಾ ಐದೋ ಆರೋ ಲಕ್ಷ ಇಟ್ಟು ಭೋಗ್ಯಕ್ಕೆ ಇರುತ್ತಾರೆ. ಆ ಗಂಟು ಮಾಲೀಕರ ಕೈಯಲ್ಲಿ ಕರಗಿ ವರ್ಷಗಳಾಗಿರುತ್ತವೆ. ಸ್ವಾಧೀನ ಭೋಗ್ಯ ಅಂದರೆ ಅಡಮಾನವೇ, ಕಾನೂನಿನ ಪ್ರಕಾರ ನೋಂದಣಿ ಆಗಲೇಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೂ ಅದೇ ಮಾತು. ಅದಕ್ಕೇ ಎಲ್ಲರೂ ಛಾಪಾ ಕಾಗದದಲ್ಲಿ ‘11 ತಿಂಗಳ ಕರಾರು’ ಅಂತ ಬರೆಸಿ, ಪ್ರತಿ ಸಲ ಬಾಯಿಮಾತಿನಲ್ಲಿ ಮುಂದುವರಿಸುತ್ತಾರೆ. ಇ.ಸಿ.ಯಲ್ಲಿ ಇದರ ಸುಳಿವೇ ಇರುವುದಿಲ್ಲ. ಮನೆ ಕೊಂಡ ಮೇಲೆ ಬಾಡಿಗೆದಾರರ ಮಟ್ಟಿಗೆ ಮಾಲೀಕರು ನೀವೇ. ಹಣ ವಾಪಸ್ ಕೊಡದೆ ಅವರು ಬಾಗಿಲ ಬೀಗದ ಕೈ ಕೊಡುವುದಿಲ್ಲ. ಎರಡು ಪೋರ್ಷನ್ನಿಗೆ 11 ಲಕ್ಷ ಭೋಗ್ಯ ಇದ್ದರೆ 80 ಲಕ್ಷದ ಮನೆ ನಿಮಗೆ 91 ಲಕ್ಷದ್ದಾಯಿತು.

ಇದಕ್ಕೆ ಮದ್ದು ಜಾಲತಾಣದಲ್ಲಿಲ್ಲ, ಮೆಟ್ಟಿಲು ಹತ್ತುವುದರಲ್ಲಿದೆ. ಒಂದೊಂದು ಪೋರ್ಷನ್ನಿನ ಕದ ತಟ್ಟಿ, ಕರಾರಿನ ನಕಲು, ಅಡ್ವಾನ್ಸ್ ರಸೀದಿ ನೋಡಿ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು ಎಂದು ಬಾಡಿಗೆದಾರರಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಹುಡುಗರ ರೂಮಿನಲ್ಲಿ ಕರಾರಿಗೆ ಒಬ್ಬನ ಸಹಿ, ಒಳಗೆ ಐದು ಹಾಸಿಗೆ. ಅಡ್ವಾನ್ಸ್ ತಲೆಗಿಷ್ಟು ಅಂತ ಕೊಟ್ಟಿರುತ್ತಾರೆ, ಅರ್ಧ ಜನ ಬಿಟ್ಟು ಹೋಗಿ ಅವರ ಜಾಗಕ್ಕೆ ಬಂದವರು ಹಳಬರಿಗೇ ದುಡ್ಡು ಕೊಟ್ಟು ಸೇರಿರುತ್ತಾರೆ. ಒಟ್ಟು ಮೊತ್ತವನ್ನು ಕ್ರಯದ ಕರಾರಿನಲ್ಲೇ ಬರೆಸಿ ಬೆಲೆಯಿಂದ ಕಳೆಯಿರಿ. ‘ಆಮೇಲೆ ನೋಡ್ಕೊಳ್ಳೋಣ’ ಎಂಬ ಮಾತಿಗೆ ಒಪ್ಪಬೇಡಿ.

ಎರಡನೆಯದು ಬ್ಯಾಂಕಿನಲ್ಲಿ ಮೂಲಪತ್ರ ಇಟ್ಟು ತಂದ ಸಾಲ. ಹಾಗೆ ಇಟ್ಟಿದ್ದಕ್ಕೆ ಬರೆಯುವ ಜ್ಞಾಪನ ಪತ್ರ ನೋಂದಣಿಯಾಗಿದ್ದರೆ ಇ.ಸಿ.ಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಬ್ಯಾಂಕುಗಳು ಅಡಮಾನ ದಾಖಲಿಸುವ ಸೆರ್ಸಾಯ್ ಜಾಲತಾಣದಲ್ಲಿ ಅಲ್ಪ ಶುಲ್ಕಕ್ಕೆ ಹುಡುಕಬಹುದು. ಅದಕ್ಕೂ ಮೊದಲು ‘ಮೂಲಪತ್ರ ತೋರಿಸಿ’ ಎಂದು ಕೇಳಿ. ಪಾಲಿನ ದಾವೆ ಇದ್ದರೆ ಅದೂ ಇ.ಸಿ.ಯಲ್ಲಿ ಕಾಣಲಿಕ್ಕಿಲ್ಲ. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ನೋಡಿ, ವಂಶವೃಕ್ಷ ತರಿಸಿ ಹೆಣ್ಣುಮಕ್ಕಳ ಸಹಿಯೂ ಇದೆಯೇ ಗಮನಿಸಿ.

ಮೂರನೆಯದು ಕರೆಂಟು, ನೀರು. ಹಳೆಯ ಬಾಕಿಯನ್ನು ಬೆಸ್ಕಾಂ ಹೊಸ ಮಾಲೀಕರಿಂದ ಕೇಳಬಹುದು, ಪ್ರತಿ ಆರ್‌.ಆರ್. ನಂಬರಿನ (ವಿದ್ಯುತ್ ಸಂಪರ್ಕದ ಸಂಖ್ಯೆ) ಕೊನೆಯ ಬಿಲ್ಲು ಪಡೆಯಿರಿ. ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇದ್ದರೆ ಹನ್ನೆರಡು ಹುಡುಗರ ಗೀಸರ್ ಸೇರಿ 200 ಯೂನಿಟ್ ದಾಟುತ್ತದೆ, ಗೃಹಜ್ಯೋತಿ ತಪ್ಪಿ ಪೂರ್ತಿ ಬಿಲ್ಲು ಬರುತ್ತದೆ. ಪೋರ್ಷನ್ನಿಗೊಂದು ಮೀಟರ್ ಇರುವ ಮನೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಹನ್ನೆರಡು ಜನಕ್ಕೆ 1,620 ಲೀಟರ್. ಊರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ, ದಿನವೂ ನಲ್ಲಿ ಬರುತ್ತದೆ ಎಂದು ಎಣಿಸಿ ಮನೆ ಕೊಳ್ಳಬೇಡಿ. ಮೂರು ದಿನಕ್ಕೆ 5,000 ಲೀಟರ್ ಸಂಪು ಇಲ್ಲದ ಮನೆಯಲ್ಲಿ ಟ್ಯಾಂಕರ್ ಬಿಲ್ಲು ಬಾಡಿಗೆಯನ್ನೇ ತಿನ್ನುತ್ತದೆ.

ಕಾಲೇಜು ಜಾಗ ಬದಲಿಸುವುದನ್ನೂ ಯಾವ ಇ.ಸಿ.ಯೂ ಹೇಳುವುದಿಲ್ಲ. ತುಮಕೂರು ವಿಶ್ವವಿದ್ಯಾಲಯ ಬಿದರಕಟ್ಟೆಯಲ್ಲಿ ಹೊಸ ಕ್ಯಾಂಪಸ್ ಮಾಡಿಕೊಂಡಿದೆ. ಬಿ.ಎಚ್. ರಸ್ತೆಯ ಹಳೆ ಕ್ಯಾಂಪಸ್ ನಂಬಿ ರೂಮು ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮನೆಯನ್ನು ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ಆಗಿ ನಡೆಸುವವರಿಗೆ ಒಂದು ಮಾತು: ತಲೆಗೆ ತಿಂಗಳಿಗೆ 20,000 ಮೀರದಿದ್ದು, ಸತತ 90 ದಿನವಾದರೂ ಇದ್ದರೆ ಜಿ.ಎಸ್.ಟಿ. ಇಲ್ಲ. 2024ರ ಜುಲೈ 15ರಿಂದ ಜಾರಿಯಲ್ಲಿರುವ ವಿನಾಯಿತಿ ಇದು.

ನೋಂದಣಿಯ ಕೆಲಸಕ್ಕೆ ಬಂದರೆ, ಪತ್ರದ ವಿವರವನ್ನು ಮೊದಲೇ ತುಂಬಿ ಕಳಿಸಿ, ಕಚೇರಿಯವರು ಪರಿಶೀಲಿಸಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ ಸಮಯ ಕಾಯ್ದಿರಿಸುವ ಕ್ರಮ ಹಿಂದಿನ ನೂಕುನುಗ್ಗಲಿಗಿಂತ ಎಷ್ಟೋ ಮೇಲು. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಆಧಾರ್, ಖಾತೆ, ಹಳೆ ಕ್ರಯಪತ್ರದಲ್ಲಿ ಹೆಸರಿನ ಇನಿಷಿಯಲ್ ಹೊಂದದೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು, ತುಮಕೂರಿನಲ್ಲಿ ಸಮಯ ಸಿಗದಿದ್ದರೆ ಗುಬ್ಬಿಯಲ್ಲಿ ನೋಡಿ. ಸರ್ವರ್ ಕೈಕೊಡುವುದೂ ಉಂಟು. 2025ರ ಆರಂಭದಲ್ಲಿ ಸೈಬರ್ ದಾಳಿಯಿಂದ ಸೇವೆ ಅಸ್ತವ್ಯಸ್ತವಾಗಿತ್ತು. ಕರಾರಿನ ಗಡುವಿನ ಕೊನೆಯ ದಿನಕ್ಕೇ ಸಮಯ ಇಟ್ಟುಕೊಳ್ಳಬೇಡಿ.

ಇ.ಸಿ. ಮೂರು ಸಲ ತೆಗೆಯಿರಿ: ಟೋಕನ್ ಕೊಡುವ ಮೊದಲು, ನೋಂದಣಿಯ ದಿನ ಬೆಳಿಗ್ಗೆ, ನೋಂದಣಿಯಾಗಿ ಎರಡು ವಾರಕ್ಕೆ. ಮೂರನೆಯದರಲ್ಲಿ ನಿಮ್ಮ ಹೆಸರು, ಸೈಟ್ ನಂಬರು, ಚಕ್ಕುಬಂದಿ ಸರಿಯಾಗಿ ಕೂತಿದೆಯೇ ನೋಡಿ. ತಪ್ಪಿದ್ದರೆ ಮಾರಿದವರು ಊರಿನಲ್ಲಿ ಇರುವಾಗಲೇ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ.