ಮೋಡೆಮ್ ಫರ್ಮ್‌ವೇರ್ ಬದಲಿಸುವ ಮೂರು ದಾರಿಗಳು: ರೀಬೂಟ್, ಬ್ಯುಸಿಔಟ್, ನಸುಕಿನ ಮೂರು ಗಂಟೆ

ಡಯಲ್‌ಅಪ್ ಸರ್ವರ್ ಎಂದರೆ ಚಂದಾದಾರರ ಫೋನ್ ಕರೆಗಳನ್ನು ತೆಗೆದುಕೊಂಡು ಅಂತರ್ಜಾಲಕ್ಕೆ ಜೋಡಿಸುವ ಪೆಟ್ಟಿಗೆ. ಅದರೊಳಗಿನ ಮೋಡೆಮ್‌ಗಳಿಗೆ ಹೊಸ ಫರ್ಮ್‌ವೇರ್, ಅಂದರೆ ಅವುಗಳನ್ನು ನಡೆಸುವ ಒಳತಂತ್ರಾಂಶ, ಹಾಕುವ ಕೆಲಸವನ್ನು ನಾನು ಮೂರು ಬಗೆಯಲ್ಲೂ ಮಾಡಿ ನೋಡಿದ್ದೇನೆ. ಒಮ್ಮೆ ಇಡೀ ಪೆಟ್ಟಿಗೆಯನ್ನೇ ರೀಬೂಟ್ ಮಾಡಿದೆ. ಇನ್ನೊಮ್ಮೆ ಕರೆಗಳು ತಾವಾಗಿ ಮುಗಿಯುವವರೆಗೆ ಕಾದು ಒಂದೊಂದೇ ಮಾಡ್ಯೂಲನ್ನು ಬದಲಿಸಿದೆ. ಮತ್ತೊಮ್ಮೆ ಹೊತ್ತು ಗೊತ್ತುಮಾಡಿ ಕೆಲಸವನ್ನು ಪೆಟ್ಟಿಗೆಗೇ ಒಪ್ಪಿಸಿ ಮಲಗಿದೆ. ಮೂರರಲ್ಲೂ ಕೊನೆಗೆ ಅದೇ ಕಡತ ಅದೇ ಚಿಪ್‌ಗೆ ಹೋಗಿ ಕೂರುತ್ತದೆ. ಆದರೆ ಮರುದಿನ ಬೆಳಿಗ್ಗೆ ಹೊಸ ಫರ್ಮ್‌ವೇರ್ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ನಮ್ಮ ಕೈಯಲ್ಲಿ ಉತ್ತರ ಇರುತ್ತದೆಯೇ ಎಂದು ಕೇಳಿದರೆ, ಮೂರಕ್ಕೂ ಅಜಗಜಾಂತರ.

ನನ್ನ ಪೆಟ್ಟಿಗೆಗೆ ನಾಲ್ಕು ಇ1 ಪಿಆರ್‌ಐ ಲೈನ್‌ಗಳಿದ್ದವು, ಅಂದರೆ ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಡಿಜಿಟಲ್ ಫೋನ್ ಲೈನ್‌ಗಳು. ಒಂದೊಂದರಲ್ಲಿ 30 ಚಾನೆಲ್, ಒಟ್ಟು 120 ಕರೆ, 120 ಮೋಡೆಮ್. ಮೋಡೆಮ್ ಎಂದರೆ ಮೇಜಿನ ಮೇಲೆ ದೀಪ ಮಿನುಗಿಸುವ ಡಬ್ಬಿಯಲ್ಲ. ಆರಾರು ಮೋಡೆಮ್‌ಗಳಿಗೆ ಒಂದು ಮಾಡ್ಯೂಲ್, ಅದರ ಮೇಲೆ ಸಿಗ್ನಲ್ ಸಂಸ್ಕರಿಸುವ ಚಿಪ್‌ಗಳು, ಅಷ್ಟೆ. ಸಿಸ್ಕೊದ ಮೈಕಾ ಮಾಡ್ಯೂಲ್‌ಗಳೂ ಹೀಗೆಯೇ ಇದ್ದವು, ಅವುಗಳ ಫರ್ಮ್‌ವೇರನ್ನು ಪೋರ್ಟ್‌ವೇರ್ ಎಂದು ಕರೆಯುತ್ತಿದ್ದರು. ಎದುರಿನ ಮೋಡೆಮ್‌ನೊಂದಿಗೆ ಯಾವ ಮಾನಕದಲ್ಲಿ ಮಾತನಾಡಬೇಕು, ಯಾವ ವೇಗಕ್ಕೆ ಒಪ್ಪಬೇಕು, ಲೈನಿನಲ್ಲಿ ಗದ್ದಲ ಹೆಚ್ಚಾದರೆ ಮತ್ತೆ ಹೊಂದಾಣಿಕೆಗೆ ಇಳಿಯಬೇಕೇ ಅಥವಾ ಸಹಿಸಿಕೊಳ್ಳಬೇಕೇ ಎಂಬುದೆಲ್ಲ ತೀರ್ಮಾನವಾಗುವುದು ಈ ಫರ್ಮ್‌ವೇರ್‌ನಲ್ಲಿ.

ಆ ಕಾಲದಲ್ಲಿ ಅದು ಪದೇ ಪದೇ ಬದಲಾಗುತ್ತಿದ್ದುದಕ್ಕೆ ಕಾರಣವಿತ್ತು. 56 ಕೆ ವೇಗಕ್ಕೆ ಮೊದಲು ಎರಡು ಪೈಪೋಟಿಯ ವಿಧಾನಗಳು ಬಂದವು: ಒಂದು ಕಡೆ ಯುಎಸ್ ರೊಬೊಟಿಕ್ಸ್‌ನ ಎಕ್ಸ್2, ಇನ್ನೊಂದು ಕಡೆ ರಾಕ್‌ವೆಲ್ ಮತ್ತು ಲೂಸೆಂಟ್‌ನ ಕೆ56ಫ್ಲೆಕ್ಸ್. 1998ರಲ್ಲಿ ವಿ.90 ಎಂಬ ಎಲ್ಲರಿಗೂ ಒಂದೇ ಆದ ಮಾನಕ ಬಂದು ಜಗಳ ತೀರಿತಾದರೂ ಚಂದಾದಾರರ ಮನೆಗಳಲ್ಲಿ ಮೂರು ಬಗೆಯ ಮೋಡೆಮ್‌ಗಳೂ ಉಳಿದುಕೊಂಡವು, ಜೊತೆಗೆ ಇವಕ್ಕಿಂತ ನಿಧಾನದ, ಹಳೆಯ ವಿ.34 ಮಾನಕದ ಮೋಡೆಮ್‌ಗಳು. 2000ದಲ್ಲಿ ವಿ.90ರ ಮುಂದಿನ ಮಾನಕ ವಿ.92 ಸೇರಿಕೊಂಡಿತು. ಇವೆಲ್ಲವುಗಳೊಂದಿಗೂ ಹೊಂದಿಕೊಳ್ಳುವ ಭಾರ ಬಿದ್ದದ್ದು ಸರ್ವರ್ ಕಡೆಯ ಫರ್ಮ್‌ವೇರ್ ಮೇಲೆ. ಒಂದು ಬಗೆಯ ಮೋಡೆಮ್‌ಗೆ ಅನುಕೂಲವಾದ ತಿದ್ದುಪಡಿ ಇನ್ನೊಂದಕ್ಕೆ ಮುಳುವಾಗಬಹುದು.

ಮೊದಲು ರೀಬೂಟ್ ದಾರಿ. ಕೆಲವು ಸರ್ವರ್‌ಗಳಲ್ಲಿ ಬೇರೆ ದಾರಿಯೇ ಇರಲಿಲ್ಲ. ಪೋರ್ಟ್‌ಮಾಸ್ಟರ್ 3ರಲ್ಲಿ ಮೋಡೆಮ್‌ಗಳ ಫರ್ಮ್‌ವೇರ್ ಕಾಮ್‌ಓಎಸ್ ಎಂಬ ವ್ಯವಸ್ಥಾ ಕಡತದ ಒಳಗೇ ಬರುತ್ತಿತ್ತು. ಇದರ ಸರಳತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ಕಡತ, ಒಂದು ಆವೃತ್ತಿ ಸಂಖ್ಯೆ, ಯಾವುದರೊಂದಿಗೆ ಯಾವುದು ಹೊಂದುತ್ತದೆ ಎಂಬ ಪಟ್ಟಿ ಹಿಡಿದು ಕೂರಬೇಕಾಗಿಲ್ಲ. ಆದರೆ ನಾನು ರೀಬೂಟ್ ಮಾಡಿದ ದಿನ ಕಷ್ಟ ಬಂದದ್ದು ಕರೆಗಳು ಕಡಿದದ್ದರಿಂದಲ್ಲ, ಆಮೇಲೆ. ಪೆಟ್ಟಿಗೆ ದಿಢೀರನೆ ಆರಿದಾಗ, ಚಂದಾದಾರರ ಗುರುತು ಮತ್ತು ಕರೆಗಳ ಲೆಕ್ಕ ನೋಡಿಕೊಳ್ಳುವ ರೇಡಿಯಸ್ ಸರ್ವರ್‌ಗೆ ಪ್ರತಿ ಕರೆಯ ಮುಕ್ತಾಯದ ದಾಖಲೆ ಹೋಗುವುದಿಲ್ಲ. ಎದ್ದ ಮೇಲೆ ‘ಲೆಕ್ಕ ಶುರು’ ಎಂಬ ಒಂದೇ ಸಂದೇಶ ಹೋಗುತ್ತದೆ. ಅದನ್ನು ನೋಡಿ ಹಳೆಯ ಕರೆಗಳನ್ನೆಲ್ಲ ಮುಗಿದವೆಂದು ಗುರುತಿಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ. ಒಬ್ಬರಿಗೆ ಒಂದೇ ಸಂಪರ್ಕ ಎಂಬ ಮಿತಿಯಿದ್ದ ಚಂದಾದಾರರು ಮತ್ತೆ ಡಯಲ್ ಮಾಡಿದಾಗ, ನೀವು ಆಗಲೇ ಒಳಗಿದ್ದೀರಿ ಎಂದು ಸರ್ವರ್ ಅವರನ್ನು ಹೊರಗೇ ನಿಲ್ಲಿಸಿತು. ಸಾಯಂಕಾಲದವರೆಗೂ ಕೂತು ಆ ದಾಖಲೆಗಳನ್ನು ಒಂದೊಂದಾಗಿ ಮುಚ್ಚಿದೆ.

ಎರಡನೆಯದು ರಾತ್ರಿಯ ದಾರಿ. ಸಿಸ್ಕೊ ಸರ್ವರ್‌ಗಳಲ್ಲಿ ಇದಕ್ಕೆ ಡೌನ್‌ಲೋಡ್ ಮೇಂಟೆನೆನ್ಸ್ ಎಂದು ಹೆಸರು, ತಾನಾಗಿ ಇಟ್ಟುಕೊಂಡಿರುವ ವೇಳೆ ನಸುಕಿನ ಮೂರು ಗಂಟೆ. ಒಮ್ಮೆಗೆ ಎಷ್ಟು ಮಾಡ್ಯೂಲ್, ಎಷ್ಟು ಹೊತ್ತು, ಅವಧಿ ಮುಗಿದಾಗಲೂ ಕರೆ ನಡೆಯುತ್ತಿದ್ದರೆ ಅದನ್ನು ಕಡಿಯಬೇಕೇ ಮರುದಿನಕ್ಕೆ ಮುಂದೂಡಬೇಕೇ ಎಂದು ಹೇಳಿಡಬಹುದು. ಕಡಿಯುವುದನ್ನು ನಾನು ಎಂದೂ ಆರಿಸಿಕೊಂಡಿಲ್ಲ. ಮೂರು ಗಂಟೆಗೆ ಸಂಪರ್ಕದಲ್ಲಿರುವವರು ದೊಡ್ಡ ಕಡತವನ್ನು ಇಳಿಸಿಕೊಳ್ಳುತ್ತಿರುವವರು. ಅವರ ಐದು ಗಂಟೆಗಳ ಕಾಯುವಿಕೆಯನ್ನು ನೀರಿನಲ್ಲಿ ಹೋಮ ಮಾಡಲು ಕೈ ಬರುವುದಿಲ್ಲ. ಹತ್ತಾರು ಪೆಟ್ಟಿಗೆಗಳನ್ನು ನೋಡಿಕೊಳ್ಳುವವರಿಗೆ, ಆಗಲೇ ಪರೀಕ್ಷೆ ಮಾಡಿದ ಫರ್ಮ್‌ವೇರ್ ಹಂಚಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಪರೀಕ್ಷೆಯಾಗದ ಫರ್ಮ್‌ವೇರನ್ನು ಮಾತ್ರ ಹೀಗೆ ಹಾಕಬೇಡಿ. ಬೆಳಿಗ್ಗೆ ಎದ್ದಾಗ ಎಲ್ಲವೂ ಹೊಸದಾಗಿರುತ್ತದೆ, ಹೋಲಿಸಿ ನೋಡಲು ಹಳೆಯದು ಒಂದೂ ಉಳಿದಿರುವುದಿಲ್ಲ.

ಮೂರನೆಯದು ಬ್ಯುಸಿಔಟ್. ನನ್ನ ಮನಸ್ಸು ನಿಂತಿರುವುದು ಇಲ್ಲಿ. ಮಾಡ್ಯೂಲ್‌ಗೆ ಹೊಸ ಕರೆ ಕೊಡುವುದನ್ನು ನಿಲ್ಲಿಸಿ, ಇರುವ ಕರೆಗಳು ತಾವಾಗಿ ಮುಗಿದ ಮೇಲೆ ಕಡತವನ್ನು ಇಳಿಸುವುದು. ಕನ್ಸೋಲ್‌ನಲ್ಲಿ ಮೋಡೆಮ್‌ಗಳ ಪಟ್ಟಿ ತೆರೆದರೆ ಪ್ರತಿ ಸಾಲಿನ ಎಡಗಡೆ ಒಂದೊಂದು ಗುರುತು ಕಾಣುತ್ತದೆ. ನಕ್ಷತ್ರ ಇದ್ದರೆ ಕರೆ ನಡೆಯುತ್ತಿದೆ. ಸಣ್ಣ ಅಕ್ಷರದ ‘ಪಿ’ ಎಂದರೆ ಇಳಿಸುವ ಸರದಿಗಾಗಿ ಕಾಯುತ್ತಿದೆ, ಕರೆ ತೆಗೆದುಕೊಳ್ಳುವುದಿಲ್ಲ. ದೊಡ್ಡ ‘ಡಿ’ ಎಂದರೆ ಇಳಿಯುತ್ತಿದೆ. ‘ಬಿ’ಯನ್ನು ಮಾತ್ರ ಕಣ್ಣಿಟ್ಟು ಓದಬೇಕು: ಸಣ್ಣದಾದರೆ ನಾವೇ ಬದಿಗಿಟ್ಟ ಮೋಡೆಮ್, ದೊಡ್ಡದಾದರೆ ಕೆಟ್ಟಿದೆ ಎಂದು ಗುರುತಾದ ಮೋಡೆಮ್. ಆಜ್ಞೆ ಕೊಟ್ಟ ಮೇಲೆ ಒಂದು ಮಾಡ್ಯೂಲ್‌ನ ಆರು ನಕ್ಷತ್ರಗಳಲ್ಲಿ ಐದು ಬೇಗನೆ ಅಳಿಸಿಹೋದವು. ಆರನೆಯದು ಅಳಿಸಲೇ ಇಲ್ಲ. ಫರ್ಮ್‌ವೇರ್ ಇಳಿಯುವುದು ಇಡೀ ಮಾಡ್ಯೂಲ್‌ಗೆ, ಹಾಗಾಗಿ ಒಬ್ಬರ ದೀರ್ಘ ಕರೆಗೆ ಐದು ಮೋಡೆಮ್‌ಗಳು ಕೈಕಟ್ಟಿ ನಿಂತಿದ್ದವು. ಇಪ್ಪತ್ತು ಮಾಡ್ಯೂಲ್‌ಗಳಿಗೂ ಒಟ್ಟಿಗೆ ಆಜ್ಞೆ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ. ಅಂದಿನಿಂದ ಎರಡೆರಡೇ ಮಾಡ್ಯೂಲ್, ಅದೂ ದಟ್ಟಣೆ ಇಳಿದ ಹೊತ್ತಿನಲ್ಲಿ. ರೇಡಿಯಸ್‌ನಲ್ಲಿ ಸೆಷನ್ ಮಿತಿಯನ್ನು, ಅಂದರೆ ಒಂದು ಕರೆ ಹೆಚ್ಚೆಂದರೆ ಎಷ್ಟು ಹೊತ್ತು ಎಂಬುದನ್ನು, ಮೊದಲೇ ಇಟ್ಟಿದ್ದರೆ ಆರನೆಯ ನಕ್ಷತ್ರಕ್ಕೂ ಒಂದು ಕೊನೆ ಇರುತ್ತದೆ.

ಕಾಯುವ ಬೇಸರಕ್ಕೆ ಪ್ರತಿಯಾಗಿ ಸಿಗುವುದು ದೊಡ್ಡದು: ಅರ್ಧದಲ್ಲಿ ನಿಲ್ಲಿಸುವ ಅವಕಾಶ. ಒಂದು ಬಿಟ್ಟು ಒಂದರಂತೆ ಹತ್ತು ಮಾಡ್ಯೂಲ್‌ಗಳಿಗೆ ಹೊಸದನ್ನು ಹಾಕಿ, ಉಳಿದ ಹತ್ತನ್ನು ಹಳೆಯದರಲ್ಲೇ ಬಿಟ್ಟು ಎರಡು ವಾರ ನಡೆಸಿದೆ. ಮೊದಲ ಹತ್ತು, ಕೊನೆಯ ಹತ್ತು ಎಂದು ಹಂಚಬಾರದು. ಕರೆಗಳು ಮೊದಲ ಮೋಡೆಮ್‌ಗಳಿಗೇ ಹೆಚ್ಚು ಬೀಳುವ ಹಾಗೆ ಸರ್ವರ್ ಹೊಂದಿಸಿದ್ದರೆ ಲೆಕ್ಕ ತಪ್ಪುತ್ತದೆ. ಹೀಗೆ ಹೆಣೆದು ಹಂಚಿದಾಗ ಒಬ್ಬನೇ ಚಂದಾದಾರ, ಅದೇ ಮನೆಯ ಅದೇ ತಂತಿಯಿಂದ, ಒಂದು ದಿನ ಹಳೆಯ ಮೋಡೆಮ್‌ಗೂ ಇನ್ನೊಂದು ದಿನ ಹೊಸದಕ್ಕೂ ತಾಗುತ್ತಾನೆ. ಇದಕ್ಕಿಂತ ನ್ಯಾಯವಾದ ಹೋಲಿಕೆಯನ್ನು ಯಾವ ಪ್ರಯೋಗಶಾಲೆಯೂ ಕೊಡಲಾರದು.

ಬೇಕಾದ ಮಾಹಿತಿಯೆಲ್ಲ ರೇಡಿಯಸ್ ದಾಖಲೆಯಲ್ಲೇ ಇರುತ್ತದೆ. ಪೋರ್ಟ್ ಸಂಖ್ಯೆ ನೋಡಿದರೆ ಕರೆ ಯಾವ ಅರ್ಧಕ್ಕೆ ಬಿದ್ದಿತೆಂದು ತಿಳಿಯುತ್ತದೆ. ಮುಕ್ತಾಯದ ಕಾರಣದ ಸಂಕೇತ 1 ಆದರೆ ಬಳಕೆದಾರ ತಾನೇ ಮುಗಿಸಿದ, 2 ಆದರೆ ಲೈನ್ ಕೈಕೊಟ್ಟಿತು. ವೇಗದ ಅಂಕಿಯನ್ನು (ಸೆಕೆಂಡಿಗೆ ಇಷ್ಟು ಬಿಟ್ ಎಂಬ ಲೆಕ್ಕ) ಓದುವುದಕ್ಕೂ ಒಂದು ಕಿಟುಕಿದೆ. ವಿ.34ರ ವೇಗಗಳು 2400ರ ಮೆಟ್ಟಿಲುಗಳಲ್ಲಿ ಏರುತ್ತವೆ: 28800, 31200, 33600. ವಿ.90ರ ಇಳಿವೇಗಗಳು 8000ದ ಆರನೇ ಒಂದು ಭಾಗದ ಮೆಟ್ಟಿಲುಗಳಲ್ಲಿ: 29333, 48000, 49333. ಹಾಗಾಗಿ ವಿ.90 ಮೋಡೆಮ್ ಇರುವವರ ಕರೆಯಲ್ಲಿ 31200 ಎಂದು ಕಂಡರೆ ಕೇವಲ ವೇಗ ಕಡಿಮೆಯಾಗಿಲ್ಲ, ವಿ.90 ಮಾತುಕತೆಯೇ ಮುರಿದು ಹಳೆಯ ಮಾನಕಕ್ಕೆ ಜಾರಿದೆ ಎಂದರ್ಥ. ಒಟ್ಟು ಸರಾಸರಿ ವೇಗವೊಂದನ್ನೇ ನೋಡುತ್ತಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ.

ನನ್ನ ದಾಖಲೆಗಳಲ್ಲಿ ಹೊಸ ಅರ್ಧ ಒಟ್ಟಾರೆ ಚೆನ್ನಾಗಿತ್ತು. ನಡುವೆ ಕಡಿಯುವ ಕರೆಗಳು ಕಡಿಮೆಯಾಗಿದ್ದವು. ಆದರೆ ಬೆರಳೆಣಿಕೆಯ ಕೆಲವರು ಹಳೆಯ ಅರ್ಧದಲ್ಲಿ 48000ಕ್ಕೆ ನಿಲ್ಲುತ್ತಿದ್ದವರು ಹೊಸ ಅರ್ಧದಲ್ಲಿ ಪ್ರತಿ ಸಲವೂ 31200ಕ್ಕೆ ಬೀಳುತ್ತಿದ್ದರು. ಫೋನ್ ಮಾಡಿ ವಿಚಾರಿಸಿದೆ. ಎಲ್ಲರದೂ ಕಂಪ್ಯೂಟರ್ ಒಳಗೆ ಕೂರುವ ಒಂದೇ ಬಗೆಯ ಸಾಫ್ಟ್‌ವೇರ್ ಮೋಡೆಮ್, ಬಹಳ ಹಳೆಯ ಡ್ರೈವರ್. ಎಲ್ಲ 120 ಮೋಡೆಮ್‌ಗಳನ್ನೂ ಒಂದೇ ರಾತ್ರಿ ಬದಲಿಸಿದ್ದರೆ ಈ ಕೆಲವರ ದೂರನ್ನು ನಾನು ‘ನಿಮ್ಮ ಲೈನ್ ಸರಿಯಿಲ್ಲ’ ಎಂದು ತಳ್ಳಿಹಾಕುತ್ತಿದ್ದೆ, ಅದು ಖಂಡಿತ.

ಇನ್ನೆರಡು ಮಾತು. ಮಾಡ್ಯೂಲ್‌ಗಳು ತಮ್ಮದೇ ಫ್ಲ್ಯಾಶ್‌ನಲ್ಲಿ ಫರ್ಮ್‌ವೇರ್ ಇಟ್ಟುಕೊಳ್ಳುವ ಬಗೆಯವಾದರೆ, ಬರೆಯುವ ನಡುವೆ ವಿದ್ಯುತ್ ಹೋಗಬಾರದು. ಹಾಗೆ ಹೋಗಿ ಒಂದು ಕಾರ್ಡನ್ನು ನಾನು ಕಳೆದುಕೊಂಡಿದ್ದೇನೆ. ಸರ್ವರ್‌ನ ಫ್ಲ್ಯಾಶ್‌ನಿಂದ ಪ್ರತಿ ಸಲ ಮೆಮೊರಿಗೆ ತುಂಬಿಸಿಕೊಳ್ಳುವ ಬಗೆಯವಾದರೆ ಆ ಭಯವಿಲ್ಲ, ಮತ್ತೆ ತುಂಬಿಸಿದರಾಯಿತು. ಮತ್ತೆ, ಸರ್ವರ್‌ಗೆ ಕಡತ ಸಾಗಿಸುವ ಟಿಎಫ್‌ಟಿಪಿ ಎಂಬ ಸರಳ ವಿಧಾನ ಕಡತವನ್ನು 512 ಬೈಟ್‌ಗಳ ತುಂಡುಗಳಲ್ಲಿ ತರುತ್ತದೆ, ಒಟ್ಟು ಕಡತ ಸರಿಯಾಗಿದೆಯೇ ಎಂದು ತಾನಾಗಿ ತಾಳೆ ನೋಡುವುದಿಲ್ಲ. ಗಾತ್ರವನ್ನು ನಾವೇ ಹೋಲಿಸಬೇಕು, ಹಳೆಯ ಕಡತವನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಎರಡು ವಾರದ ಮೇಲೆ ಎರಡು ಮಾಡ್ಯೂಲ್‌ಗಳನ್ನು ಬಿಟ್ಟು ಮಿಕ್ಕವಕ್ಕೆಲ್ಲ ಹೊಸದನ್ನು ಹಾಕಿದೆ. ಆ ಎರಡರ ಹನ್ನೆರಡು ಮೋಡೆಮ್‌ಗಳಿಗೆ ಬೇರೆಯೇ ಡಯಲ್ ಸಂಖ್ಯೆ ಕೊಟ್ಟು, ಆ ಸಂಖ್ಯೆಗೆ ಬಂದ ಕರೆ ಅವುಗಳಿಗೇ ಹೋಗುವಂತೆ ಹೊಂದಿಸಿದೆ. ಹಳೆಯ ಡ್ರೈವರ್‌ನವರು ಡ್ರೈವರ್ ಬದಲಿಸಿಕೊಳ್ಳುವವರೆಗೆ ಆ ಸಂಖ್ಯೆಗೆ ಡಯಲ್ ಮಾಡುತ್ತಿದ್ದರು, 48000ಕ್ಕೇ ನಿಲ್ಲುತ್ತಿದ್ದರು.