ಮೊಲದ ಸೀಸನ್‌ಗೆ ಯಾವ ನಾಯಿ? ಚಿಕ್ಕ ಬೀಗಲ್, ದೊಡ್ಡ ಬೀಗಲ್, ಬ್ಯಾಸೆಟ್

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಮೊಲದ ಬೇಟೆಗೆ ನಾಯಿ ಸಾಕುವವರ ನಡುವೆ ಒಂದು ಜಗಳ ಯಾವತ್ತೂ ಮುಗಿಯಲ್ಲ. ಚಿಕ್ಕ ಬೀಗಲ್ ಒಳ್ಳೆಯದೋ, ದೊಡ್ಡ ಬೀಗಲ್ ಒಳ್ಳೆಯದೋ? ಮಧ್ಯದಲ್ಲಿ ಬ್ಯಾಸೆಟ್ ಹೌಂಡ್ ಇಟ್ಟುಕೊಂಡವರು ಬಂದು, ನಿಮ್ಮಿಬ್ಬರ ನಾಯಿಗೂ ಮೂಗೇ ಇಲ್ಲ ಅನ್ನುತ್ತಾರೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಗಾದೆ ನಮ್ಮದೇ ಆದರೂ ಅದಕ್ಕೆ ತಕ್ಕ ಜನ ಇರೋದು ಇಲ್ಲಿ. ಮೂರೂ ಬಗೆಯ ನಾಯಿಗಳ ಹಿಂದೆ ಸೀಸನ್ ಪೂರ್ತಿ ಓಡಾಡಿದ ಮೇಲೆ ನಾನೂ ಒಂದು ಪಕ್ಷ ಸೇರಿಬಿಟ್ಟಿದ್ದೇನೆ. ಹಾಗಾಗಿ ಇದನ್ನ ತಟಸ್ಥ ವರದಿ ಅಂದುಕೊಂಡು ಓದಬೇಡಿ.

ನಾಯಿಗಳ ಪರಿಚಯ ಮೊದಲು. ಬೀಗಲ್, ಬ್ಯಾಸೆಟ್ ಎರಡೂ ಮೂಗಿನಿಂದ ಜಾಡು ಹಿಡಿಯುವ ಬೇಟೆನಾಯಿಗಳು. ನಾಯಿ ತಳಿಗಳನ್ನ ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ ಬೀಗಲ್‌ಗಳನ್ನ ಭುಜದ ಎತ್ತರ ನೋಡಿ ಎರಡು ವರ್ಗ ಮಾಡುತ್ತದೆ. 13 ಇಂಚು ಮತ್ತು ಅದಕ್ಕಿಂತ ಕಡಿಮೆ ಒಂದು, 13ರ ಮೇಲೆ 15 ಇಂಚಿನವರೆಗೆ ಇನ್ನೊಂದು. ನಮ್ಮ ಮನೆಯ ಕೆಂಪಿ ಮೊದಲನೇ ವರ್ಗ, ತೂಕ 9 ಕೆಜಿ ಒಳಗೆ. ಗೆಳೆಯನ ಡ್ಯೂಕ್ 15 ಇಂಚಿನ ಗೆರೆಗೆ ಭುಜ ತಾಗಿಸುವಷ್ಟು ಎತ್ತರ, ಕಾಲು ಉದ್ದ. ಮೂರನೆಯದು ಪಕ್ಕದ ಕೌಂಟಿಯ ರಿಟೈರ್ಡ್ ಅಜ್ಜನೊಬ್ಬರ ಬ್ಯಾಸೆಟ್, ಮೇಬಲ್. ಎತ್ತರದಲ್ಲಿ ಬೀಗಲ್‌ನಷ್ಟೇ, ತೂಕದಲ್ಲಿ ಎರಡು ಬೀಗಲ್‌ಗಿಂತ ಜಾಸ್ತಿ. ಕಿವಿ ನೆಲ ಗುಡಿಸುತ್ತಾ ಬರುತ್ತದೆ.

ನಾನು ಬಾಗಲಕೋಟೆ ಕಡೆಯವನು. ಬೇಟೆನಾಯಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಮುಧೋಳ ನಾಯಿ. ತೆಳ್ಳನೆ ಸೊಂಟ, ಉದ್ದ ಮೂತಿ, ಬಯಲಲ್ಲಿ ಮೊಲ ಕಂಡರೆ ಬಾಯಿ ಬಿಡದೆ ಬಾಣ ಬಿಟ್ಟ ಹಾಗೆ ಓಡಿ ತಾನೇ ಹಿಡಿಯೋದು. ಮುಧೋಳದ ಮಾಲೋಜಿರಾವ್ ಘೋರ್ಪಡೆ ಅವರು ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿ ಮೇಲೂ ಬಂತು. ಊರಲ್ಲಿ ಈಗ ಅದರ ಓಟ ರೇಸಿಗೆ ಮಾತ್ರ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹೊಡೆಯೋದು ಅಪರಾಧ. ಆ ಕಣ್ಣಿಂದ ನೋಡಿದರೆ ಬೀಗಲ್ ಬೇಟೆ ಮೊದಲಿಗೆ ತಮಾಷೆ ಅನಿಸುತ್ತದೆ. ನಾಯಿ ಮೊಲವನ್ನ ಹಿಡಿಯೋದೇ ಇಲ್ಲ. ಹಿಡಿಯೋಕೆ ಪ್ರಯತ್ನವೂ ಇಲ್ಲ ಅನ್ನಿಸುವಷ್ಟು ನಿಧಾನ. ಮೂಗು ನೆಲಕ್ಕೆ ಹಚ್ಚಿಕೊಂಡು, ಬಾಯಿ ತುಂಬ ಕೂಗುತ್ತಾ, ಮೊಲಕ್ಕಿಂತ ಎಷ್ಟೋ ಹಿಂದೆ ಬರುತ್ತಿರುತ್ತದೆ.

ಅದರಲ್ಲೇ ಇದೆ ಉಪಾಯ. ಇಲ್ಲಿನ ಕಾಟನ್‌ಟೇಲ್ ಮೊಲ ಕೆಲವೇ ಎಕರೆ ಜಾಗದಲ್ಲಿ ಬದುಕು ಮಾಡುತ್ತದೆ. ಎಬ್ಬಿಸಿದರೆ ತನ್ನ ಗಡಿ ದಾಟಿ ಹೋಗೋಕೆ ಮನಸ್ಸಿಲ್ಲ, ಒಂದು ಸುತ್ತು ಹಾಕಿ ಎದ್ದ ಜಾಗಕ್ಕೇ ವಾಪಸ್ ಬರುತ್ತದೆ. ಬಂದೂಕಿನವನು ಅಲ್ಲೇ ಎಲ್ಲೋ ಅಲುಗಾಡದೆ ನಿಂತಿರಬೇಕು. ಒಮ್ಮೆ ಕೆಂಪಿಯ ಕೂಗು ಇನ್ನೂ ಜೊಂಡಿನ ಆಚೆ ಇರುವಾಗಲೇ ಮೊಲ ನನ್ನ ಮುಂದಿನ ಕಾಲುದಾರಿಗೆ ಬಂದು ಕೂತಿತು. ಒಂದು ಕಿವಿ ಹಿಂದಕ್ಕೆ ತಿರುಗಿತ್ತು, ಇನ್ನೊಂದು ಮುಂದಕ್ಕೆ. ಮೂಗು ಅಲುಗುತ್ತಿತ್ತು. ನಾಲ್ಕು ಹೆಜ್ಜೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಅಲ್ಲಿಂದ ಪಕ್ಕಕ್ಕೆ ಒಂದು ಉದ್ದನೆಯ ನೆಗೆತ ನೆಗೆದು ಪೊದೆಯೊಳಗೆ ಹೋಯಿತು. ಜಾಡು ಕಡಿದು ಹಾಕೋಕೆ ಅದು ಮಾಡುವ ಕೆಲಸ ಇದು. ಸ್ವಲ್ಪ ಹೊತ್ತಿಗೆ ಕೆಂಪಿ ಬಂದಳು. ಜಾಡು ಮುಗಿದ ಕಡೆ ಕೂಗು ನಿಲ್ಲಿಸಿದಳು. ಅದೇ ಜಾಗದ ಸುತ್ತ ಮೊದಲು ಚಿಕ್ಕ ಸುತ್ತು, ಆಮೇಲೆ ಸ್ವಲ್ಪ ದೊಡ್ಡದು ಹಾಕಿ, ಪೊದೆ ಹತ್ತಿರ ಮೂಗು ತಾಗಿದ್ದೇ ತಡ ಮತ್ತೆ ಶುರು ಮಾಡಿದಳು. ನಾನು ಗುಂಡು ಹಾರಿಸೋದನ್ನೇ ಮರೆತು ನೋಡುತ್ತಾ ನಿಂತಿದ್ದೆ.

ಡ್ಯೂಕ್‌ನದು ಬೇರೆ ರೀತಿ. ಜಾಡು ತಪ್ಪಿದರೆ ಅಲ್ಲೇ ಹುಡುಕುವ ತಾಳ್ಮೆ ಕಡಿಮೆ. ಮುಂದೆ ಎಲ್ಲೋ ಸಿಗುತ್ತೆ ಬಿಡು ಅಂತ ದೂರಕ್ಕೆ ಓಡಿ ದೊಡ್ಡ ಸುತ್ತು ಹಾಕುತ್ತಾನೆ. ಸಿಕ್ಕರೆ ಭಾರಿ ಸಮಯ ಉಳಿಯುತ್ತದೆ. ಸಿಗದಿದ್ದರೆ ಆ ಮೊಲದ ಕಥೆ ಮುಗಿಯಿತು. ಮೇಬಲ್ ತಪ್ಪೋದೇ ಕಡಿಮೆ. ಮೊಲ ಹಾಕಿದ ಒಂದೊಂದು ತಿರುವನ್ನೂ ಅವಳು ಹಾಗೇ ತಿರುಗುತ್ತಾಳೆ. ಆದರೆ ಅಷ್ಟು ಹೊತ್ತಿಗೆ ನೀವು ಫ್ಲಾಸ್ಕಿನ ಕಾಫಿ ಕುಡಿದು ಮುಗಿಸಿರುತ್ತೀರಿ.

ಇಲ್ಲಿ ಸೀಸನ್ ಉದ್ದ. ಸೆಪ್ಟೆಂಬರ್ 15ಕ್ಕೆ ಶುರುವಾದರೆ ಮಾರ್ಚ್ 31ರವರೆಗೆ. ಕಾಟನ್‌ಟೇಲ್ ಮತ್ತು ಬಿಳಿ ಮೊಲ (ಚಳಿಗಾಲಕ್ಕೆ ಮೈ ಬೆಳ್ಳಗಾಗುವ ಇನ್ನೊಂದು ಬಗೆ) ಎರಡೂ ಸೇರಿ ದಿನಕ್ಕೆ 5. ಆರು ತಿಂಗಳಲ್ಲಿ ನೆಲ, ಗಿಡ, ಗಾಳಿ ಎಲ್ಲ ಬದಲಾಗುತ್ತದೆ. ಹಾಗಾಗಿ ಯಾವ ನಾಯಿ ಅಂತ ಕೇಳಿದರೆ ಯಾವ ತಿಂಗಳು ಅಂತ ತಿರುಗಿ ಕೇಳಬೇಕು.

ಸೆಪ್ಟೆಂಬರ್ ಮೇಬಲ್‌ದು. ಇದನ್ನ ಒಪ್ಪಿಕೊಳ್ಳೋಕೆ ನನಗೆ ಸ್ವಲ್ಪ ಕಷ್ಟವೇ. ಆ ತಿಂಗಳು ಗೋಲ್ಡನ್‌ರಾಡ್ ಗಿಡ ಎದೆಮಟ್ಟ ಇರುತ್ತದೆ, ಎಲೆ ಒಂದೂ ಉದುರಿರಲ್ಲ, ಮಧ್ಯಾಹ್ನ ಬಿಸಿಲು. ಒಣ ನೆಲದಲ್ಲಿ ವಾಸನೆ ನಿಲ್ಲಲ್ಲ. ಡ್ಯೂಕ್ ಇಂಥ ದಿನ ಜಾಡಿನ ಮೇಲೇ ಓಡಿ ಜಾಡು ದಾಟಿಬಿಡುತ್ತಾನೆ. ಬ್ಯಾಸೆಟ್‌ನ ಮೂಗಿಗೆ ಬ್ಲಡ್‌ಹೌಂಡ್ ಬಿಟ್ಟರೆ ಸಾಟಿಯಿಲ್ಲ ಅಂತ ಇಲ್ಲಿ ಹೇಳೋದು ಸುಮ್ನೆ ಅಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಬಿಟ್ಟರೆ ಅವಳೊಬ್ಬಳೇ ಒಂದು ಮೊಲವನ್ನ ಎರಡು ಸುತ್ತು ತಂದು ನಿಲ್ಲಿಸುತ್ತಾಳೆ. ಆದರೆ ಬಿಸಿಲೇರಿದರೆ ಮುಗೀತು. ಅಷ್ಟು ಮೈಭಾರ ಹೊತ್ತು ನೆರಳು ಸಿಕ್ಕ ಕಡೆ ಮಲಗಿಬಿಡುತ್ತಾಳೆ. ಉಣ್ಣಿ ಕಾಟವೂ ಇರುತ್ತದೆ. ಮನೆಗೆ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿ ಕೀಳಬೇಕು. ಬ್ಯಾಸೆಟ್‌ನ ಕಿವಿ ಅಷ್ಟು ದೊಡ್ಡದಿರೋದರಿಂದ ಅದೇ ಅರ್ಧ ಸಂಜೆಯ ಕೆಲಸ.

ಅಕ್ಟೋಬರ್ ಕೊನೆಗೆ ನೆಲ ತೇವ, ಗಾಳಿ ತಣ್ಣಗೆ, ಗಿಡ ಬೋಳು. ಇಲ್ಲಿಂದ ಕೆಂಪಿಯ ಕಾಲ. ಜಾಕ್ಸನ್ ಹತ್ತಿರದ ಶಾರನ್‌ವಿಲ್ ಸ್ಟೇಟ್ ಗೇಮ್ ಏರಿಯಾ (ಬೇಟೆಗೆ ಬಿಟ್ಟ ಸರ್ಕಾರಿ ಜಾಗ) ಅಥವಾ ಲ್ಯಾನ್ಸಿಂಗ್ ಪಕ್ಕದ ರೋಸ್ ಲೇಕ್ ಕಡೆ ಹೋದರೆ ಕಾಡುಗುಲಾಬಿ ಮುಳ್ಳಿನ ಮೆಳೆ ಗೋಡೆ ಕಟ್ಟಿದ ಹಾಗೆ ಇರುತ್ತದೆ. ಮೊಲ ಕೂರೋದು ಅದರ ಬುಡದಲ್ಲೇ. ಡ್ಯೂಕ್ ಮೆಳೆಯ ಅಂಚಿನಲ್ಲಿ ನಿಂತು ಯೋಚನೆ ಮಾಡುತ್ತಾನೆ, ಕೆಂಪಿ ಮೊಲ ನುಗ್ಗಿದ ಸಂದಿಯಲ್ಲೇ ನುಗ್ಗುತ್ತಾಳೆ. ಸಂಜೆಗೆ ಬಾಲದ ಬಿಳಿ ತುದಿ ಕೆಂಪಾಗಿ, ಬೀಸಿ ಬೀಸಿ ಎರಡೂ ಪಕ್ಕೆಗೆ ರಕ್ತದ ಚುಕ್ಕೆ ಹತ್ತಿರುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಮುಳ್ಳಿನ ಗೀರು ಅಷ್ಟೆ, ಎರಡು ದಿನದಲ್ಲಿ ಮಾಯುತ್ತದೆ. ಅಂದಹಾಗೆ ಮುಧೋಳ ನಾಯಿಯನ್ನ ಇಲ್ಲಿಗೆ ತಂದರೆ ಹೇಗೆ ಅಂತ ಊರಿನ ಗೆಳೆಯರು ಕೇಳುತ್ತಿರುತ್ತಾರೆ. ಆ ತೆಳು ಚರ್ಮ ಇಟ್ಟುಕೊಂಡು ಈ ಮೆಳೆಗೆ ನುಗ್ಗಿದರೆ ಹೊಲಿಗೆ ಹಾಕಿಸೋದೇ ಕೆಲಸವಾಗುತ್ತದೆ. ಅದೂ ಅಲ್ಲದೆ ಕಣ್ಣಿಗೆ ಕಂಡದ್ದನ್ನ ಅಟ್ಟುವ ನಾಯಿಗೆ ಇಲ್ಲಿ ಕಾಣೋದಾದರೂ ಏನು?

ನವೆಂಬರ್ 15ರಿಂದ 30ರವರೆಗೆ ಬಂದೂಕಿನ ಜಿಂಕೆ ಸೀಸನ್. ಆ ದಿನ ನಮ್ಮ ನಾಯಿಗಳಿಗೆ ರಜೆ. ಕಾನೂನು ಬೇಡ ಅನ್ನಲ್ಲ, ನನಗೇ ಧೈರ್ಯ ಸಾಲಲ್ಲ. ಕಾಡು ತುಂಬ ರೈಫಲ್ ಹಿಡಿದವರು ಕೂತಿರುತ್ತಾರೆ, ಅವರ ಮಧ್ಯೆ ಕೂಗುತ್ತಾ ನಾಯಿ ಓಡಿಸಿದರೆ ಬೈಗುಳವೂ ಗ್ಯಾರಂಟಿ.

ಹಿಮ ಬಿದ್ದ ಮೇಲೆ ಲೆಕ್ಕ ಪೂರ್ತಿ ಉಲ್ಟಾ. ಮೇಬಲ್ ಔಟ್. ಮೊಣಕಾಲುದ್ದ ಹಿಮದಲ್ಲಿ ಹೊಟ್ಟೆ ಎಳೆದುಕೊಂಡು ನಡೆಯೋದನ್ನ ನೋಡೋಕಾಗಲ್ಲ, ಅಜ್ಜ ಕೂಡ ಅವಳನ್ನ ಡಿಸೆಂಬರ್‌ನಿಂದ ಮನೆಯಲ್ಲೇ ಬಿಡುತ್ತಾರೆ. ಕೆಂಪಿ ನಾಲ್ಕೈದು ಇಂಚಿನವರೆಗೆ ಸೈ. ಅದಕ್ಕಿಂತ ಜಾಸ್ತಿಯಾದರೆ ಕಾಲ್ಬೆರಳ ಸಂದಿಯಲ್ಲಿ ಹಿಮದ ಉಂಡೆ ಕಟ್ಟಿಕೊಂಡು ಕೂತು ಕಚ್ಚಿ ತೆಗೆಯುತ್ತಾ ಇರುತ್ತಾಳೆ. ಡ್ಯೂಕ್ ಮಾತ್ರ ಉದ್ದ ಕಾಲು ಹಾಕಿಕೊಂಡು ಆರಾಮಾಗಿ ಓಡುತ್ತಾನೆ. ಹಿಮದಲ್ಲೂ ಬಗೆ ಇದೆ. ಕೊರೆಯುವ ಚಳಿಯಲ್ಲಿ ಬಿದ್ದ ಒಣ ಪುಡಿ ಹಿಮದಲ್ಲಿ ಯಾವ ನಾಯಿಗೂ ವಾಸನೆ ಸಿಗೋದು ಕಷ್ಟ. ಸ್ವಲ್ಪ ಕರಗಿ ಒದ್ದೆಯಾದ ಹಿಮ ಇದ್ದರೆ ಹಬ್ಬ.

ಬಿಳಿ ಮೊಲದ ಬೇಟೆಯಂತೂ ಡ್ಯೂಕ್‌ಗೇ ಬರೆದಿಟ್ಟದ್ದು. ಸ್ನೋಶೂ ಹೇರ್ ಅನ್ನುವ ಈ ಮೊಲ ಸಿಗೋದು ಉತ್ತರದಲ್ಲಿ, ಹೆಚ್ಚಾಗಿ ಮ್ಯಾಕಿನಾ ಸೇತುವೆ ದಾಟಿ ಅಪ್ಪರ್ ಪೆನಿನ್ಸುಲಾ ಅನ್ನುವ ಮಿಶಿಗನ್‌ನ ಉತ್ತರದ ತುಂಡಿನ ಕಡೆ. ಸೀಡರ್ ಮರದ ಜೌಗಿನಲ್ಲಿ ಇರುತ್ತದೆ. ಹಗಲು ಕಡಿಮೆಯಾಗುತ್ತಾ ಬಂದ ಹಾಗೆ ಮೈ ಬೆಳ್ಳಗಾಗುತ್ತದೆ, ಹಿಮ ಬೀಳಲಿ ಬಿಡಲಿ. ಹಿಮ ತಡವಾದ ವರ್ಷ ಕಂದು ನೆಲದ ಮೇಲೆ ಬಿಳಿ ಮೊಲ ಪಾಪ ಎದ್ದು ಕಾಣುತ್ತಿರುತ್ತದೆ. ಇದರ ಅಗಲ ಪಾದ ಹಿಮದಲ್ಲಿ ಹೂಳಲ್ಲ. ಇದು ಬಿಲ ಸೇರಲ್ಲ, ಸುತ್ತು ತುಂಬ ದೊಡ್ಡದು, ಓಡುತ್ತಲೇ ಇರುತ್ತದೆ. ಕೆಂಪಿಯ ನಡಿಗೆಯಲ್ಲಿ ಹಿಂಬಾಲಿಸಿದರೆ ಅದು ಕೂತು ಮೈ ನೆಕ್ಕಿಕೊಂಡು ಎದ್ದು ಹೋಗುತ್ತದೆ. ಡ್ಯೂಕ್ ಒತ್ತಡ ಬಿಡಲ್ಲ. ಒಂದೇ ಭಯ ಅಂದರೆ ಅಲ್ಲಿ ತೋಳಗಳಿವೆ. ನಾಯಿಯ ಕೂಗು ಕಿವಿಗೆ ಬೀಳದಷ್ಟು ದೂರ ಹೋದರೆ ಎದೆ ಧಸಕ್ ಅನ್ನುತ್ತದೆ. ಜಿಪಿಎಸ್ ಕಾಲರ್ ಇಲ್ಲದೆ ಅಲ್ಲಿಗೆ ಹೋಗಬೇಡಿ.

ಹಾಗಾದರೆ ಡ್ಯೂಕ್ ಗೆದ್ದ ಹಾಗಾಯ್ತು ಅಲ್ವಾ? ಇಲ್ಲ. ದಕ್ಷಿಣ ಮಿಶಿಗನ್‌ನ ನೆಲದಲ್ಲಿ ವುಡ್‌ಚಕ್ ಅನ್ನುವ ಪ್ರಾಣಿ ತೋಡಿಟ್ಟ ಬಿಲಗಳು ಎಲ್ಲೆಲ್ಲೂ ಇವೆ. ಕಾಟನ್‌ಟೇಲ್ ತಾನಾಗಿ ಬಿಲ ತೋಡಲ್ಲ, ಇದ್ದದ್ದನ್ನ ಬಳಸಿಕೊಳ್ಳುತ್ತದೆ. ಹಿಂದೆ ನಿಧಾನದ ನಾಯಿ ಇದ್ದರೆ ಮೊಲ ಅವಸರ ಮಾಡಲ್ಲ, ಕುಪ್ಪಳಿಸಿ, ನಿಂತು, ಕೇಳಿಸಿಕೊಂಡು ಸುತ್ತು ಹಾಕುತ್ತದೆ. ವೇಗದ ನಾಯಿ ಬೆನ್ನಿಗೆ ಬಿದ್ದರೆ ಮೊದಲು ಸಿಕ್ಕ ಬಿಲಕ್ಕೆ ಇಳಿದುಬಿಡುತ್ತದೆ. ಡ್ಯೂಕ್ ಎಬ್ಬಿಸಿದ ಮೊಲಗಳಲ್ಲಿ ಒಂದು ಸುತ್ತೂ ಮುಗಿಸದೆ ನೆಲದೊಳಗೆ ಹೋದವು ಬೇಕಾದಷ್ಟು. ಬಿಲದ ಬಾಯಿಗೆ ಮೂತಿ ತುರುಕಿ ಅವನು ಕೂಗುತ್ತಿರುತ್ತಾನೆ, ನಾವು ಕೊರಳಪಟ್ಟಿ ಹಿಡಿದು ಎಳೆಯುತ್ತಿರುತ್ತೇವೆ. ನನಗೆ ಬೇಟೆಯ ಖುಷಿ ಇರೋದೇ ಆ ಸುತ್ತಿನಲ್ಲಿ. ಹಾಗಾಗಿ ಕಾಟನ್‌ಟೇಲ್‌ಗೆ ನನ್ನ ಓಟು ಚಿಕ್ಕ ಬೀಗಲ್‌ಗೆ. ಫೆಬ್ರವರಿ, ಮಾರ್ಚ್‌ನಲ್ಲಿ ಗಂಡು ಮೊಲಗಳು ಹೆಣ್ಣು ಹುಡುಕಿಕೊಂಡು ದೂರ ಅಲೆಯುತ್ತವೆ. ಆಗ ಎಬ್ಬಿಸಿದರೆ ಕೆಲವು ನೇರ ತಮ್ಮ ಊರಿಗೆ ಓಡುತ್ತವೆ. ಅಂಥ ದಿನ ಡ್ಯೂಕ್ ಜೊತೆಗಿದ್ದರೆ ಬೇಡ ಅನ್ನಲ್ಲ.

ದನಿಯ ವಿಷಯದಲ್ಲಿ ಮೇಬಲ್‌ಗೆ ಯಾರೂ ಸಮ ಇಲ್ಲ. ತುಂಬು ಗಂಟಲಿನ ಆ ದೀರ್ಘ ಕೂಗು ತಗ್ಗಿನಿಂದ ಎದ್ದು ಬಂದರೆ ಬಂದೂಕು ಕೆಳಗಿಟ್ಟು ಕೇಳುತ್ತಾ ಕೂರಬಹುದು. ಕೆಂಪಿಯದು ಕೀರಲು, ತುಂಡು ತುಂಡು. ಆದರೆ ಅದೇ ತುಂಡು ದನಿಯಿಂದ ಮೊಲ ಎಷ್ಟು ಮುಂದಿದೆ, ಯಾವ ಕಡೆ ತಿರುಗಿತು ಅಂತ ಸರಿಯಾಗಿ ಗೊತ್ತಾಗುತ್ತದೆ. ಮನೆಯಲ್ಲಿ ಈ ಗುಣ ದೋಷವಾಗುತ್ತದೆ. ಬೇಲಿ ಆಚೆ ಅಳಿಲು ಕಂಡರೂ ಕೂಗು, ಪಕ್ಕದ ಮನೆಯವರ ಮುಖ ಗಂಟು. ಮನೆ ಖರ್ಚಲ್ಲಿ ಬ್ಯಾಸೆಟ್ ದುಬಾರಿ. ಊಟ ಜಾಸ್ತಿ, ಕಿವಿ ಸೋಂಕು ಬೇಗ, ಸೋಫಾ ತುಂಬ ಜೊಲ್ಲು.

ಹೊಸದಾಗಿ ಬರುವ ನಮ್ಮವರಿಗೆ ಎರಡು ಮಾತು. 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್ ತಗೊಳ್ಳಬೇಕಾದರೆ ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿರಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರಿಗೆ ಬಂದೂಕು ಹಿಡಿಯೋಕೆ ಫೆಡರಲ್ ಕಾನೂನಿನ ತಡೆ ಇದೆ, ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಕಾಗದಪತ್ರ ಸರಿ ಇದೆಯಾ ಅಂತ ಮೊದಲು ವಕೀಲರನ್ನ ಕೇಳಿ. ಕಿತ್ತಳೆ ಬಣ್ಣದ ಟೋಪಿ ಅಥವಾ ಜಾಕೆಟ್ ಕಡ್ಡಾಯ. ಮೊಲ ಸುಲಿಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ, ಟುಲರೀಮಿಯ ಅನ್ನುವ ರೋಗ ಕೈ ಗಾಯದಿಂದಲೂ ಹತ್ತುತ್ತದೆ. ಪಿತ್ತಜನಕಾಂಗದ ಮೇಲೆ ಬಿಳಿ ಚುಕ್ಕೆ ಕಂಡರೆ ಇಡೀ ಮೊಲ ಬಿಸಾಕಿ. ಮಾಂಸ ಚೆನ್ನಾಗಿ ಬೇಯಿಸಿ. ಕೊಬ್ಬೇ ಇಲ್ಲದ ಮಾಂಸ, ಹಾಗೇ ಹುರಿದರೆ ನಾರಾಗುತ್ತದೆ. ಒಣಕೊಬ್ಬರಿ, ಗಸಗಸೆ ರುಬ್ಬಿ ಹಾಕಿ ಸಾರು ಮಾಡಿದರೆ ರೊಟ್ಟಿಗೆ ಒಳ್ಳೇ ಜೋಡಿ.

ಇಷ್ಟು ಹೇಳಿದ ಮೇಲೂ ಇಂಚುಪಟ್ಟಿ ಹಿಡಿದುಕೊಂಡು ಮರಿ ಕೊಳ್ಳೋಕೆ ಹೋಗಬೇಡಿ. ಎತ್ತರಕ್ಕಿಂತ ಯಾವ ಸ್ಪರ್ಧೆಗೆ ಬೆಳೆಸಿದ ವಂಶ ಅನ್ನೋದು ಜಾಸ್ತಿ ಮುಖ್ಯ. ಇಲ್ಲಿ ಬೀಗಲ್ ಫೀಲ್ಡ್ ಟ್ರಯಲ್‌ಗಳಲ್ಲಿ ಬಗೆಗಳಿವೆ. ಬ್ರೇಸ್ ಅನ್ನೋದರಲ್ಲಿ ಜೋಡಿ ನಾಯಿಗಳು ಜಾಡು ಬಿಡದೆ ಆಮೆ ನಡಿಗೆಯಲ್ಲಿ ಹೋಗುತ್ತವೆ, ಆ ವಂಶದ ಮರಿ ಎಷ್ಟೇ ಎತ್ತರ ಬೆಳೆದರೂ ಮೊಲ ತರುವಷ್ಟರಲ್ಲಿ ಕತ್ತಲಾಗುತ್ತದೆ. ಲಾರ್ಜ್ ಪ್ಯಾಕ್ ಬಿಳಿ ಮೊಲದ ಮೇಲೆ ನಡೆಯುವ ಸ್ಪರ್ಧೆ, ಆ ರಕ್ತದಲ್ಲಿ ವೇಗ ಇರುತ್ತದೆ, ನಾಯಿ ಚಿಕ್ಕದಿದ್ದರೂ. ಸ್ಮಾಲ್ ಪ್ಯಾಕ್ ಆಪ್ಶನ್‌ನಲ್ಲಿ ಗುಂಡಿನ ಸದ್ದಿಗೆ ಹೆದರುತ್ತವಾ ಅಂತಲೂ ನೋಡುತ್ತಾರೆ. ನಮ್ಮಂಥವರು ಹುಡುಕಬೇಕಾದ್ದು ಅಲ್ಲೇ. ಮರಿ ಎಷ್ಟೇ ಮುದ್ದಾಗಿರಲಿ, ಅಪ್ಪ ಅಮ್ಮ ನಾಯಿಗಳನ್ನ ಒಮ್ಮೆ ಬಯಲಿಗೆ ಬಿಟ್ಟು ತೋರಿಸಿ ಅಂತ ಕೇಳಿ. ಮೊಲ ಎದ್ದಾಗ ಎಲ್ಲ ನಾಯಿಯೂ ಚೆನ್ನಾಗೇ ಓಡುತ್ತದೆ. ಜಾಡು ತಪ್ಪಿದಾಗ ಏನು ಮಾಡುತ್ತೆ ಅಂತ ನೋಡಿ, ಆಮೇಲೆ ದುಡ್ಡು ಕೊಡಿ.