ಎಸ್‌ಪಿ ರೋಡಿನಲ್ಲಿ ಮಾಡಿಸಿದ ನಲ್ ಮೋಡೆಮ್ ಕೇಬಲ್: ನಾಲ್ಕು ತಿಂಗಳು ಬಳಸಿದ ಮೇಲೆ

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಮಾಡಿಸಿದ, ಐದು ಮೀಟರ್ ಉದ್ದದ, ಬೂದು ಬಣ್ಣದ ಒಂದು ಕೇಬಲ್ ಬಗ್ಗೆ ಬರೆಯುತ್ತಿದ್ದೇನೆ. ನಲ್ ಮೋಡೆಮ್ ಅಂದರೆ ಎರಡು ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್‌ಗಳನ್ನು ಒಂದಕ್ಕೊಂದು ಜೋಡಿಸುವ, ಒಳಗೆ ತಂತಿ ಅದಲುಬದಲಾದ ಕೇಬಲ್. ಕೊಟ್ಟಿದ್ದು 450 ರೂಪಾಯಿ. ಅದೇ ಅಂಗಡಿಯಲ್ಲಿ ಎಫ್‌ಟಿ232ಆರ್ ಚಿಪ್ ಇರುವ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಕೂಡ ತಗೊಂಡೆ, ಅದಕ್ಕೆ 950. ಪೀಣ್ಯದಲ್ಲಿರುವ ನಮ್ಮ ಸರ್ವರ್‌ನ ಲಿನಕ್ಸ್ ಕರ್ನಲನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಾನು ಬಸವನಗುಡಿಯ ಮನೆಯಲ್ಲಿ ಕೂತು ನಿಲ್ಲಿಸಿ, ಒಳಗೆ ಏನಾಗಿದೆ ಅಂತ ನೋಡಿ, ಮತ್ತೆ ಓಡಿಸುತ್ತಿದ್ದೇನೆ ಅಂದರೆ ಅದಕ್ಕೆ ಈ ಎರಡು ವಸ್ತುಗಳೇ ಕಾರಣ.

ನಮ್ಮದು ಯಂತ್ರಗಳ ಕಂಪನ ಅಳೆಯುವ ಕೆಲಸ. ಸರ್ವರ್‌ನಲ್ಲಿ ಒಂದು ಅಳತೆ ಕಾರ್ಡಿದೆ, ಅದರ ಡ್ರೈವರ್ ಬರೆದವಳು ನಾನೇ. ವಾರಕ್ಕೆ ಒಂದೆರಡು ಸಲ ಆ ಸರ್ವರ್ ಇದ್ದಕ್ಕಿದ್ದಂತೆ ಕಲ್ಲಾಗಿಬಿಡುತ್ತಿತ್ತು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ. ರಾತ್ರಿ ಪಾಳಿಯ ಹುಡುಗರು ಫೋನ್ ಮಾಡುವುದು, ನಾನು ಪವರ್ ಬಟನ್ ಒತ್ತಿ ಅನ್ನುವುದು. ಬಟನ್ ಒತ್ತಿದೊಡನೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಹೀಗೆ ಎರಡು ತಿಂಗಳು ಕಳೆಯಿತು.

ಇಂಥ ಸಂದರ್ಭಕ್ಕೆ ಕೆಜಿಡಿಬಿ ಇದೆ, ಓಡುವ ಕರ್ನಲನ್ನು ನಿಲ್ಲಿಸಿ ಇನ್ನೊಂದು ಕಂಪ್ಯೂಟರಿನಿಂದ ಒಳಗೆ ನೋಡಲು ಬಿಡುವ ಡಿಬಗರ್. 2008ರಲ್ಲಿ 2.6.26ನೇ ಆವೃತ್ತಿಯ ಹೊತ್ತಿಗೇ ಅದು ಮುಖ್ಯ ಕರ್ನಲ್‌ಗೆ ಸೇರಿಕೊಂಡಿದೆ, ಹೊರಗಿನ ಪ್ಯಾಚ್ ಹುಡುಕಬೇಕಿಲ್ಲ. ಆದರೆ ಅದಕ್ಕೊಂದು ದಾರಿ ಬೇಕು. ಕರ್ನಲ್ ನಿಂತ ಮೇಲೆ ನೆಟ್‌ವರ್ಕ್ ನಡೆಸುವವರು ಯಾರೂ ಇರುವುದಿಲ್ಲ, ಇಂಟರಪ್ಟ್ (ಕಾರ್ಡು, ಪೋರ್ಟುಗಳು ಸಿಪಿಯುವನ್ನು ಕರೆಯುವ ಸಂಕೇತ) ಕೇಳುವವರೂ ಇಲ್ಲ. ಮದರ್‌ಬೋರ್ಡ್‌ನ ಹಳೇ ಸೀರಿಯಲ್ ಚಿಪ್‌ಗೆ ಮಾತ್ರ ಇದ್ಯಾವುದರ ಹಂಗೂ ಇಲ್ಲ. 'ಅಕ್ಷರ ಬಂತಾ, ಅಕ್ಷರ ಬಂತಾ' ಅಂತ ಅದನ್ನು ಸುಮ್ಮನೆ ಕೇಳುತ್ತಾ ಕೂತರೆ ಸಾಕು, ಮಾತು ನಡೆಯುತ್ತದೆ. ಅದಕ್ಕೇ ಸರ್ವರ್ ಕಡೆ ಬೋರ್ಡಿನ ಮೇಲಿನ ನಿಜವಾದ ಸೀರಿಯಲ್ ಪೋರ್ಟ್ ಇರಲೇಬೇಕು. ಯುಎಸ್‌ಬಿ ಅಡಾಪ್ಟರ್ ಈಚೆ ಕಡೆಯ ಲ್ಯಾಪ್‌ಟಾಪ್‌ಗೆ ಮಾತ್ರ. ಇದನ್ನು ಅದಲುಬದಲು ಮಾಡಿಕೊಂಡು ದಿನಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ನಿಮ್ಮ ಸರ್ವರ್‌ನ ಮ್ಯಾನೇಜ್‌ಮೆಂಟ್ ಪೋರ್ಟ್ ಚೆನ್ನಾಗಿದ್ದರೆ ಮೊದಲು ಐಪಿಎಂಐನ ಸೀರಿಯಲ್ ಓವರ್ ಲ್ಯಾನ್ (ಸೀರಿಯಲ್ ಮಾತನ್ನು ಆ ಪೋರ್ಟಿನ ನೆಟ್‌ವರ್ಕ್ ಮೂಲಕ ಸಾಗಿಸುವ ಸೌಲಭ್ಯ) ಪ್ರಯತ್ನಿಸಿ, ಕೇಬಲ್ ಖರ್ಚೇ ಉಳಿಯಬಹುದು. ನಮ್ಮದು ಹೋದ ಮಳೆಗಾಲದ ಸಿಡಿಲಿಗೆ ಸುಟ್ಟುಹೋಗಿತ್ತು. ವಿಂಡೋಸ್ ಸರ್ವರ್ 2012 ಮತ್ತು ಆಮೇಲಿನದ್ದು ಇಟ್ಟುಕೊಂಡವರಿಗೂ ಈ ಕೇಬಲ್ ಬೇಕಾಗುವುದು ಕಡಿಮೆ. ನೆಟ್‌ವರ್ಕ್ ಕಾರ್ಡ್ ಒಗ್ಗಿದರೆ ವಿಂಡೋಸ್‌ನ ಡಿಬಗರ್ ವಿನ್‌ಡಿಬಿಜಿ ನೆಟ್‌ವರ್ಕ್ ಮೇಲೇ ಕೆಲಸ ಮಾಡುತ್ತದೆ.

ಮೊದಲು ಆನ್‌ಲೈನ್‌ನಲ್ಲಿ ಒಂದು ಕೇಬಲ್ ತರಿಸಿದ್ದೆ. ಪೊಟ್ಟಣದ ಮೇಲೆ ನಲ್ ಮೋಡೆಮ್ ಅಂತಲೇ ಇತ್ತು. ಒಂದು ಇಡೀ ಶನಿವಾರ ಸರ್ವರ್ ರೂಮಿನ ಚಳಿಯಲ್ಲಿ ಕೂತು ವೇಗ ಬದಲಾಯಿಸಿದೆ, ಕರ್ನಲ್ ಮತ್ತೆ ಕಂಪೈಲ್ ಮಾಡಿದೆ, ಬಯಾಸ್ ತಡಕಾಡಿದೆ. ಒಂದಕ್ಷರ ದಾಟಲಿಲ್ಲ.

ಸೋಮವಾರ ಪೀಣ್ಯದಿಂದ ಮೆಟ್ರೋದಲ್ಲಿ ಬರುವಾಗ ಚಿಕ್ಕಪೇಟೆಯಲ್ಲಿ ಇಳಿದು, ನಗರ್ತಪೇಟೆ ಹಾದು ಎಸ್‌ಪಿ ರೋಡಿಗೆ ನಡೆದೆ. ಕೆಳಗೆಲ್ಲ ಲ್ಯಾಪ್‌ಟಾಪ್, ಸಿಸಿಟಿವಿ ಅಂಗಡಿಗಳು. ಕಡಿದಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಇಬ್ಬರು ನಿಂತರೆ ತುಂಬಿಹೋಗುವಂಥ ಜಾಗ. ಗೋಡೆ ತುಂಬ ಕನೆಕ್ಟರ್ ಡಬ್ಬಿಗಳು, ಮೇಜಿನ ಮೇಲೆ ಸಾಲ್ಡ್ರಿಂಗ್ ಐರನ್. ಯಜಮಾನರಿಗೆ ಅರವತ್ತು ದಾಟಿರಬೇಕು. ನನ್ನ ಕೇಬಲ್ ಕೈಗೆ ತಗೊಂಡವರೇ ಮಾತಾಡದೆ ಮಲ್ಟಿಮೀಟರ್ ಹಚ್ಚಿದರು. ಎರಡರಿಂದ ಎರಡಕ್ಕೆ ಬೀಪ್. ಮೂರರಿಂದ ಮೂರಕ್ಕೆ ಬೀಪ್.

"ಇದು ಸ್ಟ್ರೈಟ್ ಇದೆ ಕಣಮ್ಮ. ನಿಮಗೆ ಕ್ರಾಸ್ ಬೇಕು. ಎರಡೂ ಕಡೆ ಕಂಪ್ಯೂಟರ್ ತಾನೆ?"

"ಹೌದು ಸಾರ್. ಒಂದು ಕಡೆ ಸರ್ವರ್, ಇನ್ನೊಂದು ಕಡೆ ಲ್ಯಾಪ್‌ಟಾಪ್."

"ಹಂಗಾದ್ರೆ ಎರಡೂ ಕಡೆ ಫೀಮೇಲ್. ಮೂರು ತಂತಿ ಸಾಕಾ, ಏಳೂ ಬೇಕಾ?"

ಕೆಜಿಡಿಬಿಗೆ ಮೂರೇ ಸಾಕು ಅಂತ ಗೊತ್ತಿತ್ತು: ಎರಡು ಮತ್ತು ಮೂರನೇ ಪಿನ್ ಅದಲುಬದಲು, ಐದು ನೇರ. ಹಾಗೇ ಹೇಳಿದೆ. ಅವರು ತಲೆಯಾಡಿಸಿ, "ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ರೆ ಮೂರು ತಂತಿಲಿ ನೀವು ಟೈಪ್ ಮಾಡಿದ್ದು ಹೋಗಲ್ಲ. ಎಂಬತ್ತು ರೂಪಾಯಿ ಜಾಸ್ತಿ ಆಗುತ್ತೆ, ಏಳೂ ಹಾಕಿಸ್ಕೊಳ್ಳಿ" ಅಂದರು. ಮಿನಿಕಾಮ್ ಅಂದರೆ ಸೀರಿಯಲ್ ಪೋರ್ಟ್ ಜತೆ ಮಾತಾಡುವ ತಂತ್ರಾಂಶ, ಅದರಲ್ಲಿ ಈ ಫ್ಲೋ ಕಂಟ್ರೋಲ್ ಮೊದಲಿನಿಂದಲೇ ಆನ್ ಇರುತ್ತದೆ. ಕರ್ನಲ್ ಗೊತ್ತಿದ್ದ ನನಗೆ ಆ ಹೊತ್ತಿಗೆ ಹೊಳೆಯದ್ದನ್ನು ಕೇಬಲ್ ಕಟ್ಟುವವರು ಹೇಳಿದರು. ಏಳೂ ಹಾಕಿಸಿದೆ.

ನಲವತ್ತು ನಿಮಿಷ ಹಿಡಿಯಿತು. ಪ್ರತಿ ಬೆಸುಗೆಯ ಮೇಲೂ ಸ್ಲೀವ್ ಏರಿಸಿ ಬಿಸಿ ಮಾಡಿದರು, ಶೀಲ್ಡ್ ಅನ್ನು ಒಂದೇ ತುದಿಗೆ ಕೂಡಿಸಿದರು. ಕೊನೆಗೆ ತಮ್ಮ ಹಳೇ ಲ್ಯಾಪ್‌ಟಾಪ್‌ಗೆ ನನ್ನ ಅಡಾಪ್ಟರ್ ಚುಚ್ಚಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಎರಡು ಮೂರನ್ನು ತಂತಿಯ ತುಂಡಿನಿಂದ ಕೂಡಿಸಿ, "ಟೈಪ್ ಮಾಡಿ" ಅಂದರು. ಒತ್ತಿದ ಅಕ್ಷರ ಐದು ಮೀಟರ್ ಹೋಗಿ ತಿರುಗಿ ಪರದೆಗೆ ಬಂತು. ಗಿರಾಕಿಯ ಎದುರೇ ಪರೀಕ್ಷೆ ಮಾಡಿ ಕೊಡುವ ಈ ಪದ್ಧತಿಗೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಪೀಣ್ಯದಲ್ಲಿ ಮಾರನೇ ದಿನ ಎಲ್ಲ ಜೋಡಿಸಿದೆ. ಸರ್ವರ್ ಪಕ್ಕದ ಸ್ಟೂಲ್ ಮೇಲೆ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಕೆಜಿಡಿಬಿ ಜತೆ ಮಾತಾಡುವ ಜಿಡಿಬಿ ಡಿಬಗರ್ ಮತ್ತು ಡಿಬಗ್ ಮಾಹಿತಿ ಸಮೇತದ ಕರ್ನಲ್ ಪ್ರತಿ, ಅಂದರೆ ವಿಎಂಲಿನಕ್ಸ್ ಫೈಲ್. ಮನೆಯಿಂದ ನಾನು ಆ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಎಚ್ ಆಗುತ್ತೇನೆ. ಬೂಟ್ ಸಾಲಿಗೆ ಕೆಜಿಡಿಬಿಓಸಿ ಅಂತ ಸೀರಿಯಲ್ ಪೋರ್ಟ್ ಹೆಸರು, 115200 ವೇಗ. ಜತೆಗೆ 'ನೋಕೆಎಎಸ್‌ಎಲ್‌ಆರ್' ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಪ್ರತಿ ಬೂಟ್‌ಗೂ ಕರ್ನಲ್ ಬೇರೆ ವಿಳಾಸಕ್ಕೆ ಹೋಗಿ ಕೂರುತ್ತದೆ, ಜಿಡಿಬಿ ತೋರಿಸುವ ಹೆಸರುಗಳೆಲ್ಲ ಸುಳ್ಳಾಗುತ್ತವೆ. ಸೆಕ್ಯೂರ್ ಬೂಟ್ (ಬೂಟ್ ಹೊತ್ತಿನ ಭದ್ರತಾ ತಪಾಸಣೆ) ಆಫ್ ಮಾಡಬೇಕಾಯಿತು. ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ರಿಕ್ವೆಸ್ಟ್ ಪೂರ್ತಿ ಆನ್.

ಗುರುವಾರ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. "ಮೇಡಂ, ಮತ್ತೆ ಹ್ಯಾಂಗ್. ಬಟನ್ ಒತ್ಲಾ?" ಮುಟ್ಟಬೇಡಪ್ಪ ಅಂದೆ. ಮಿನಿಕಾಮ್‌ನಿಂದ ಬ್ರೇಕ್ ಸಂಕೇತ ಕಳಿಸಿ 'ಜಿ' ಒತ್ತಿದೆ, ಕೆಜಿಡಿಬಿಯನ್ನು ಕರೆಯುವ ಸಿಸ್‌ರಿಕ್ವೆಸ್ಟ್ ಆಜ್ಞೆ ಅದು. ಸರ್ವರ್ ಉತ್ತರ ಕೊಟ್ಟಿತು. ಎರಡು ತಿಂಗಳಲ್ಲಿ ಮೊದಲ ಸಲ, ಕಲ್ಲಾದ ಸ್ಥಿತಿಯಲ್ಲಿ ಅದು ನನ್ನ ಜತೆ ಮಾತಾಡಿತು. ಕೈ ನಡುಗುತ್ತಿತ್ತು.

ಮಿನಿಕಾಮ್ ಮುಚ್ಚಿ ಜಿಡಿಬಿ ಕೂಡಿಸಿದೆ. ಒಂದೊಂದೇ ಸಿಪಿಯುನ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿ ನಿಂತಿದೆ ಅನ್ನುವ ಪಟ್ಟಿ) ತೆಗೆದೆ. ಮೂರನೇ ಸಿಪಿಯುನಲ್ಲಿ ಮೇಲುಗಡೆ ಸ್ಪಿನ್‌ಲಾಕ್‌ಗೆ (ಸಿಗುವವರೆಗೂ ಸಿಪಿಯುವನ್ನು ಸುತ್ತುತ್ತಲೇ ಕಾಯಿಸುವ ಬೀಗ) ಕಾಯುತ್ತಾ ನಿಂತಿದ್ದ ನನ್ನ ಇಂಟರಪ್ಟ್ ಹ್ಯಾಂಡ್ಲರ್, ಅದರ ಕೆಳಗೆ ಅದೇ ಲಾಕ್ ಹಿಡಿದಿದ್ದ ನನ್ನದೇ ಐಓಕಂಟ್ರೋಲ್ ಫಂಕ್ಷನ್. ಲಾಕ್ ಹಿಡಿಯುವಾಗ ಇಂಟರಪ್ಟ್ ಮುಚ್ಚಿರಲಿಲ್ಲ. ಹಿಡಿದ ಕ್ಷಣಕ್ಕೆ ಸರಿಯಾಗಿ ಅದೇ ಸಿಪಿಯುಗೆ ಇಂಟರಪ್ಟ್ ಬಂದರೆ, ಹ್ಯಾಂಡ್ಲರ್ ಆ ಲಾಕ್‌ಗೆ ಕಾಯುತ್ತದೆ, ಲಾಕ್ ಬಿಡಬೇಕಾದವನು ಹ್ಯಾಂಡ್ಲರ್ ಮುಗಿಯಲಿ ಅಂತ ಕಾಯುತ್ತಾನೆ. ಸ್ಪಿನ್‌ಲಾಕ್ ಇದ್ದಲ್ಲಿ, ಇಂಟರಪ್ಟ್ ಮುಚ್ಚಿ ಲಾಕ್ ಹಿಡಿಯುವ ಐಆರ್‌ಕ್ಯೂಸೇವ್ ರೂಪ ಬಳಸಿದೆ. ಬದಲಾದದ್ದು ನಾಲ್ಕು ಸಾಲು. ಆಮೇಲೆ ಇವತ್ತಿನವರೆಗೂ ಆ ಕಾರಣಕ್ಕೆ ಸರ್ವರ್ ನಿಂತಿಲ್ಲ.

ಈಗ ಕೊರತೆಗಳು. 115200 ವೇಗ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 11,520 ಬೈಟ್. ಎಲ್ಲ ಥ್ರೆಡ್‌ಗಳ ಬ್ಯಾಕ್‌ಟ್ರೇಸ್ ಒಟ್ಟಿಗೆ ಕೇಳಿದರೆ ಕಾಫಿ ಮಾಡಿಕೊಂಡು ಕುಡಿದು ಬರಬಹುದು. ಇದು ಕೇಬಲ್‌ನ ತಪ್ಪಲ್ಲ. ಕೇಬಲ್‌ನ ತಪ್ಪು ಅಂದರೆ ಕನೆಕ್ಟರ್ ಮೇಲಿನ ಹುಡ್‌ನ ಒಂದು ಸ್ಕ್ರೂ. ಕಂಪ್ರೆಸರ್‌ನ ಅದುರಾಟಕ್ಕೆ ತಿಂಗಳೊಳಗೆ ಸಡಿಲವಾಯಿತು. ತಗೊಂಡು ಹೋದಾಗ ದುಡ್ಡು ಕೇಳದೆ ಹಿತ್ತಾಳೆಯದ್ದು ಹಾಕಿಕೊಟ್ಟರು. ಜಿಎಸ್‌ಟಿ ಬಿಲ್ ನೀವೇ ಕೇಳಬೇಕು, ಆಫೀಸಿನಿಂದ ಹಣ ವಾಪಸ್ ಪಡೆಯುವವರು ಮರೆಯಬೇಡಿ. ಭಾನುವಾರ ಬಾಗಿಲು ಹಾಕಿರುತ್ತದೆ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗದು.

ಇನ್ನೊಂದು ಮಾತು ಕಡ್ಡಾಯವಾಗಿ ಹೇಳಬೇಕು. ಈ ಕೇಬಲ್‌ನ ತುದಿ ಯಾರ ಕೈಲಿದೆಯೋ ಅವರಿಗೆ ಸರ್ವರ್‌ನ ಇಡೀ ಮೆಮೊರಿ ತೆರೆದಂತೆ, ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ. ಹುಳುಕು ಸಿಕ್ಕ ಮೇಲೆ ಬೂಟ್ ಸಾಲಿನಿಂದ ಕೆಜಿಡಿಬಿಓಸಿ ತೆಗೆದು, ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ, ಕೇಬಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಡ್ರೈವರ್ ಹೊಸ ಆವೃತ್ತಿ ಹಾಕುವ ವಾರ ಮಾತ್ರ ಹೊರಗೆ ತೆಗೆಯುತ್ತೇನೆ.

ಹೋದ ಶನಿವಾರ ಎರಡನೇ ಸರ್ವರ್‌ಗೂ ಒಂದು ಮಾಡಲು ಹೇಳಿ ಬಂದೆ. ಈ ಸಲ ಏಳು ಮೀಟರ್, ಎರಡೂ ತುದಿಗೆ ಹಿತ್ತಾಳೆ ಸ್ಕ್ರೂ, 'ಕ್ರಾಸ್' ಅಂತ ಬರೆದ ಚೀಟಿ.